ಅವಿಕ್ರೀತ ಗೃಹ ಮೀಮಾಂಸೆ

ಮಾರಾಟಕ್ಕಿಟ್ಟ ಮನೆ ಏಕೆ ಮಾರಾಟವಾಗುವುದಿಲ್ಲ ಎಂಬ ಪ್ರಶ್ನೆಗೆ ನಮ್ಮ ಪ್ರಾಚೀನರು ಉತ್ತರ ಬರೆದಿಟ್ಟು ಹೋಗಲಿಲ್ಲ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ವಾಸ್ತುವಿದ್ಯೆಗೆಂದೇ ಒಂದು ಅಧ್ಯಾಯ ತೆಗೆದಿಟ್ಟ; ರಾಜನ ಮನೆ ಎಷ್ಟು ಅಗಲ, ಮಂತ್ರಿಯ ಮನೆ ಎಷ್ಟು ಅಗಲ ಎಂದೆಲ್ಲ ಅಳತೆ ಕೊಟ್ಟ. ಮಂತ್ರಿ ಅಧಿಕಾರ ಕಳೆದುಕೊಂಡ ಮೇಲೆ ಆ ಮನೆಯನ್ನು ಯಾರಿಗೆ, ಎಷ್ಟಕ್ಕೆ ದಾಟಿಸಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ಮಯಮತ, ಮಾನಸಾರ ಎಂಬ ವಾಸ್ತುಗ್ರಂಥಗಳೂ ಕಟ್ಟುವವನ ಪಕ್ಷದವೇ. ಮಾರುವವನಿಗೆ ಶಾಸ್ತ್ರವಿಲ್ಲ, ಬ್ರೋಕರ್ ಇದ್ದಾನೆ ಅಷ್ಟೆ. ಈ ಕೊರತೆಯನ್ನು ತುಂಬಲು ಪ್ರಸ್ತುತ ಪ್ರಬಂಧ. ಕ್ಷೇತ್ರಕಾರ್ಯದ ವ್ಯಾಪ್ತಿ ಬೆಂಗಳೂರು. ಇಲ್ಲಿ ಖಾಲಿ ಸೈಟಿನ ಗೋಡೆಯ ಮೇಲೆ ‘ಈ ಸ್ವತ್ತು ಮಾರಾಟಕ್ಕಿಲ್ಲ’ ಎಂದು ಬರೆಸದಿದ್ದರೆ ಅದು ಮಾಲೀಕನಿಗೆ ತಿಳಿಯದಂತೆಯೇ ಮಾರಾಟವಾಗಿಬಿಡುತ್ತದೆ ಎಂಬ ಭಯ, ‘ಮನೆ ಮಾರಾಟಕ್ಕಿದೆ’ ಎಂದು ಬರೆಸಿದರೆ ಅದು ಯಾವತ್ತೂ ಹೋಗುವುದಿಲ್ಲ ಎಂಬ ಅನುಭವ, ಎರಡೂ ಒಂದೇ ರಸ್ತೆಯಲ್ಲಿ ಸಿಗುತ್ತವೆ.

ಮೊದಲು ಪೂರ್ವಪಕ್ಷ. ‘ರೇಟು ಜಾಸ್ತಿ, ಇಳಿಸಿದರೆ ಹೋಗುತ್ತದೆ’ ಎಂದು ವಾದಿಸುವ ಒಂದು ಪಂಥವಿದೆ. ಈ ಪಂಥದವರೆಲ್ಲ ಮನೆ ಕೊಳ್ಳಲು ಬಂದವರೇ ಆದ್ದರಿಂದ ಅವರ ಸಾಕ್ಷ್ಯ ಗ್ರಾಹ್ಯವಲ್ಲ. ಮಾಲೀಕರನ್ನು ವಿಚಾರಿಸಿದರೆ ಒಬ್ಬರೂ ಇದನ್ನು ಒಪ್ಪುವುದಿಲ್ಲ. ಮೂವತ್ತು ವರ್ಷ ಒಳಗೇ ಬದುಕಿದವರಿಗೆ ಗೊತ್ತಿಲ್ಲದ ಬೆಲೆ, ಚಪ್ಪಲಿ ಬಿಡಲೂ ಅನುಮಾನಿಸುತ್ತ ಕಾಲು ಗಂಟೆ ಸುತ್ತಾಡಿ ಹೋದವರಿಗೆ ಹೇಗೆ ಗೊತ್ತಾದೀತು? ಪೂರ್ವಪಕ್ಷ ಇಲ್ಲಿಗೆ ಬಿದ್ದುಹೋಯಿತು. ಇನ್ನು ನಿಜವಾದ ಕಾರಣಗಳು.

ಎಲ್ಲಕ್ಕಿಂತ ಮೂಲದ್ದು ಆಯದೋಷ. ಆಯ ತಿಳಿಯಲು ಕಟ್ಟಡದ ಕ್ಷೇತ್ರಫಲವನ್ನು 8ರಿಂದ ಭಾಗಿಸಬೇಕು. ಶೇಷ 1 ಉಳಿದರೆ ಧ್ವಜಾಯ, 2 ಧೂಮಾಯ, 3 ಸಿಂಹಾಯ, 4 ಶ್ವಾನಾಯ, 5 ವೃಷಭಾಯ, 6 ಖರಾಯ, 7 ಗಜಾಯ; ಏನೂ ಉಳಿಯದಿದ್ದರೆ ಕಾಕಾಯ. ಬೆಸ ಶುಭ, ಸಮ ಅಶುಭ. ಕೊನೆಯ ಕಾಗೆಯಂತೂ ಯಾರಿಗೂ ಬೇಡ. ಈಗ ಬೆಂಗಳೂರಿನ ಸೈಟುಗಳನ್ನು ತೆಗೆದುಕೊಳ್ಳಿ. 20×30 ಅಂದರೆ 600 ಚದರಡಿ, 8ರಿಂದ ಭಾಗಿಸಿದರೆ ಸರಿಯಾಗಿ 75, ಶೇಷ ಸೊನ್ನೆ. 30×40 ಅಂದರೆ 1200, ಶೇಷ ಸೊನ್ನೆ. 40×60 ಅಂದರೆ 2400. 50×80 ಅಂದರೆ 4000. ಸೊನ್ನೆ, ಮತ್ತೆ ಸೊನ್ನೆ. ಕೆಲವು ಸಂಪ್ರದಾಯದವರು ಮೊದಲು 9ರಿಂದ ಗುಣಿಸಿ ಆಮೇಲೆ ಭಾಗಿಸುತ್ತಾರೆ. ಕಾಗೆ ಅದಕ್ಕೂ ಹಾರುವುದಿಲ್ಲ. ಅಂದಮೇಲೆ ಬಡಾವಣೆಯನ್ನು ಬಿಡಿಎ ಮಾಡಿರಲಿ, ಗೃಹನಿರ್ಮಾಣ ಸಹಕಾರ ಸಂಘ ಮಾಡಿರಲಿ, ಊರಿಗೆ ಊರನ್ನೇ ಕಾಗೆಯ ಹೆಸರಿಗೆ ರಿಜಿಸ್ಟರ್ ಮಾಡಿಕೊಟ್ಟ ಹಾಗಾಗಿದೆ.

ಆಯವನ್ನು ಲೆಕ್ಕ ಹಾಕಬೇಕಾದದ್ದು ಕಟ್ಟಡಕ್ಕೆ, ಸೈಟಿಗಲ್ಲ ಎಂದು ಬಲ್ಲವರು ಆಕ್ಷೇಪಿಸಿಯಾರು. ಒಪ್ಪತಕ್ಕ ಮಾತು. ಆದರೆ ಬೆಂಗಳೂರಿನಲ್ಲಿ 30×40 ಸೈಟಿನ ಮೇಲೆ ಏಳುವ ಕಟ್ಟಡವೂ 30×40 ಇರುತ್ತದೆ. ಸೆಟ್‌ಬ್ಯಾಕ್ ಎಂಬುದು ಪಾಲಿಕೆಗೆ ಕೊಟ್ಟ ನಕ್ಷೆಯಲ್ಲಿ ಮಾತ್ರ ಕಾಣಸಿಗುವ ಜಾಗ. ಪರಿಹಾರ ಸುಲಭ. ಉದ್ದದಲ್ಲೊಂದು ಅಡಿ, ಅಗಲದಲ್ಲೊಂದು ಅಡಿ ಬಿಟ್ಟು 29×39 ಕಟ್ಟಿದರೆ 1131 ಚದರಡಿ, ಶೇಷ 3, ಸಾಕ್ಷಾತ್ ಸಿಂಹ. ಆ ಒಂದು ಅಡಿ ಬಿಡುವ ಮಾಲೀಕ ಮಾತ್ರ ಕ್ಷೇತ್ರಕಾರ್ಯದಲ್ಲಿ ಎಲ್ಲಿಯೂ ಸಿಕ್ಕಲಿಲ್ಲ.

ದಿಕ್ಕಿನ ದೋಷಗಳು ಎಲ್ಲರಿಗೂ ಗೊತ್ತಿರುವುದರಿಂದ ವಿಸ್ತರಿಸುವುದಿಲ್ಲ. ದಕ್ಷಿಣದ ಬಾಗಿಲು, ಆಗ್ನೇಯ ಬಿಟ್ಟು ಈಶಾನ್ಯಕ್ಕೆ ಹೋಗಿ ಕೂತ ಅಡುಗೆಮನೆ, ಎದುರಿನ ರಸ್ತೆ ನೇರ ಬಂದು ಗೇಟಿಗೆ ಹೊಡೆಯುವುದು, ಇವೆಲ್ಲ ಪಾರ್ಟಿ, ಅಂದರೆ ಕೊಳ್ಳಲು ಬಂದವರ ಕಡೆಯ ಹಿರಿಯರೊಬ್ಬರು ಮೊಬೈಲಿನಲ್ಲಿ ದಿಕ್ಸೂಚಿ ಹಿಡಿದು ನಿರ್ಣಯಿಸತಕ್ಕ ವಿಷಯ. ಅವರು ಕಬ್ಬಿಣದ ಬೀರುವಿನ ಪಕ್ಕ ನಿಂತರೆ ಇಡೀ ಮನೆಯೇ ತಿರುಗಿ ನಿಲ್ಲುತ್ತದೆ ಎಂಬುದನ್ನು ಮಾರುವವರು ನೆನಪಿನಲ್ಲಿಡಬೇಕು. ಬೀರುವನ್ನು ಬೇಕಾದ ಕಡೆ ಸರಿಸಿ ಉತ್ತರದ ಬಾಗಿಲು ಪಡೆದವರು ಇದ್ದಾರು. ಈಶಾನ್ಯದಲ್ಲಿ ನೀರಿದ್ದರೆ ಶ್ರೇಷ್ಠ ಎಂಬ ನಿಯಮಕ್ಕೂ ಒಂದು ಮಿತಿಯುಂಟು. 2022ರ ಸೆಪ್ಟೆಂಬರಿನ ಮಳೆಗೆ ಯಮಲೂರಿನ ಕೋಟ್ಯಂತರ ರೂಪಾಯಿಯ ವಿಲ್ಲಾಗಳಲ್ಲಿ ಈಶಾನ್ಯವೂ ಸೇರಿ ಎಂಟು ದಿಕ್ಕಿಗೂ ನೀರು ತುಂಬಿ, ಒಳಗಿದ್ದವರು ಟ್ರ್ಯಾಕ್ಟರ್ ಏರಿ ಹೊರಬಂದರು. ಅಂದಿನಿಂದ ಪಾರ್ಟಿಗಳು ವಾಸ್ತುಪುರುಷನ ಜೊತೆಗೆ ಹಳೆಯ ಗ್ರಾಮನಕ್ಷೆಯನ್ನೂ ಕೇಳತೊಡಗಿದ್ದಾರೆ, ರಾಜಕಾಲುವೆ ಎಲ್ಲಿ ಹಾದಿತ್ತು ಎಂದು ನೋಡಲು. ವಾಸ್ತುಪುರುಷನಿಗೆ ಶಾಂತಿ ಮಾಡಿಸಬಹುದು, ರಾಜಕಾಲುವೆಗೆ ಆಗದು.

ಕಾಗದಪತ್ರದ ದೋಷವನ್ನು ಗ್ರಂಥಸಂಪಾದನಾ ಶಾಸ್ತ್ರದ ಬೆಳಕಿನಲ್ಲಿ ನೋಡಬೇಕು. ಮದರ್ ಡೀಡ್ ಎಂಬುದು ಮೂಲಪ್ರತಿ. ಅದು ಯಾರ ಬೀರುವಿನಲ್ಲಿಯೂ ಇರುವುದಿಲ್ಲ. ಇರುವುದು ಜೆರಾಕ್ಸ್, ಅಥವಾ ಜೆರಾಕ್ಸಿನ ಜೆರಾಕ್ಸ್. ಇ.ಸಿ. ಎಂಬ ಋಣಭಾರ ಪ್ರಮಾಣಪತ್ರ ಶಾಸನಗಳಲ್ಲಿ ಬರುವ ವಂಶಾವಳಿಯಂತೆ, ಯಾರಿಂದ ಯಾರಿಗೆ ಬಂತು ಎಂದು ಹೇಳುತ್ತದೆ. ಇನ್ನು ಪಾಠಾಂತರ. ಕ್ರಯಪತ್ರದಲ್ಲಿ ಕೃಷ್ಣಪ್ಪ, ಖಾತೆಯಲ್ಲಿ ಕಿಷ್ಟಪ್ಪ, ಕರೆಂಟ್ ಬಿಲ್ಲಿನಲ್ಲಿ ಕೃಷ್ಣಯ್ಯ. ಕನ್ನಡ ವಿದ್ವಾಂಸರು ನಾಗವರ್ಮ ಒಬ್ಬನೋ ಇಬ್ಬರೋ ಎಂದು ದಶಕಗಟ್ಟಲೆ ಚರ್ಚಿಸಿದರು. ನೋಟರಿಗಳ ವಿಧಾನ ಬೇರೆ: ‘ಮೇಲ್ಕಂಡ ಮೂವರೂ ಒಬ್ಬರೇ’ ಎಂದು ಛಾಪಾಕಾಗದದ ಮೇಲೆ ಒಂದು ಅಫಿಡವಿಟ್, ಮೊಹರು, ಮುಗಿಯಿತು. ಸಾಹಿತ್ಯಚರಿತ್ರೆ ಬರೆಯುವ ಕೆಲಸವನ್ನು ಅವರಿಗೇ ವಹಿಸಿದ್ದರೆ ಎಷ್ಟೋ ಸಂಪುಟಗಳು ಉಳಿಯುತ್ತಿದ್ದವು.

ಖಾತೆಯಲ್ಲಿ ಎ ಎಂದೂ ಬಿ ಎಂದೂ ಎರಡು ವರ್ಣಗಳಿದ್ದು, ಬ್ಯಾಂಕುಗಳು ಬಿ ಖಾತೆಯ ಮನೆಯ ನೀರನ್ನೂ ಮುಟ್ಟಲು ಹಿಂಜರಿಯುತ್ತವೆ. ಸಾಲ ಸಿಗದ ಪಾರ್ಟಿ ಮೆಟ್ಟಿಲಿಳಿಯುತ್ತದೆ. ಬೆಂಗಳೂರಿನಲ್ಲಿ 2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ನೋಂದಣಿಯೇ ಇಲ್ಲವೆಂದಾಯಿತು; 2025ರಲ್ಲಿ ಬಿ ಯನ್ನು ಎ ಮಾಡಿಕೊಡುವ ಯೋಜನೆಯೂ ಬಂತು. ಸಮಾಧಾನದ ಸಂಗತಿ. ಇತ್ತ ಪ್ಲ್ಯಾನ್ ಒಂದು ಮಹಡಿಗೆ, ಕಟ್ಟಿದ್ದು ಮೂರು ಮಹಡಿ ಎಂಬವರು ಅಕ್ರಮ-ಸಕ್ರಮ ಯೋಜನೆಯನ್ನು ಕಾಯುತ್ತ ಕೂತರು. ಅದಕ್ಕೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅವರ ಮೇಲಿನೆರಡು ಮಹಡಿಗಳು ತಾತ್ವಿಕವಾಗಿ ಮಿಥ್ಯೆ, ವ್ಯಾವಹಾರಿಕವಾಗಿ ಬಾಡಿಗೆ ತರುತ್ತಿವೆ.

ಸಹಿದೋಷದ ಮೂಲ ಇನ್ನೂ ಆಳದಲ್ಲಿದೆ. ಅಪ್ಪ ಉಯಿಲು ಬರೆಯದೆ ಹೋದರೆ ಮನೆಗೆ ಎಷ್ಟು ಮಕ್ಕಳೋ ಅಷ್ಟು ಸಹಿ. ಅಣ್ಣತಮ್ಮಂದಿರು ತಮ್ಮತಮ್ಮಲ್ಲೇ ಹಂಚಿಕೊಂಡು, ಅಕ್ಕನಿಗೆ ಗೌರಿಹಬ್ಬಕ್ಕೊಂದು ಸೀರೆ ಕೊಟ್ಟು ಲೆಕ್ಕ ಮುಗಿಸುತ್ತಿದ್ದ ಕಾಲ ಹೋಯಿತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಪಾಲು ಕೊಟ್ಟಿತ್ತು, ಆದರೆ ಅದಕ್ಕೆ ಮೊದಲೇ ಮದುವೆಯಾಗಿ ಹೋದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಅವರನ್ನೂ ಒಳಗೆ ತಂದಿತು, 2020ರಲ್ಲಿ ಸುಪ್ರೀಂ ಕೋರ್ಟ್ ಉಳಿದ ಅನುಮಾನವನ್ನೂ ತೆಗೆದುಹಾಕಿತು. ಆದ್ದರಿಂದ ಈಗ ಪಾರ್ಟಿಯ ವಕೀಲರು ಮೊದಲು ಕೇಳುವುದು ವಂಶವೃಕ್ಷ, ಆಮೇಲೆ ‘ಅಕ್ಕನವರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕ್ತಾರಾ?’ ಅಕ್ಕ ಇಪ್ಪತ್ತು ವರ್ಷ ಇದೇ ಪ್ರಶ್ನೆಗೆ ಕಾದಿದ್ದಾಳೆ. ಅವಳಿಗೆ ಅವಸರವಿಲ್ಲ. ಪರಿಹಾರವೆಂದು ಈ ವರ್ಷ ಹಬ್ಬಕ್ಕೆ ರೇಷ್ಮೆ ಸೀರೆಯನ್ನೇ ಕೊಟ್ಟು ನೋಡಿದವರಿದ್ದಾರೆ. ಅಕ್ಕ ಸೀರೆ ಇಟ್ಟುಕೊಂಡಳು, ಪಾಲನ್ನೂ ಇಟ್ಟುಕೊಂಡಳು. ಆಕೆ ಮಾಡಿದ್ದು ಸರಿ ಎಂದು ಶಾಸ್ತ್ರಕಾರನ ಅಭಿಪ್ರಾಯ, ಅವನೂ ಒಬ್ಬ ತಮ್ಮನಾಗಿದ್ದರೂ.

ಹಣದ ವಿಚಾರದಲ್ಲಿ ಶುಕ್ಲಪಕ್ಷ, ಕೃಷ್ಣಪಕ್ಷ ಎಂದು ಎರಡುಂಟು. ಕೊಳ್ಳುವವನು ಶುಕ್ಲಪಕ್ಷವನ್ನು ಕುಗ್ಗಿಸಲು ನೋಡುತ್ತಾನೆ. 5 ಪರ್ಸೆಂಟ್ ಮುದ್ರಾಂಕ ಶುಲ್ಕ, 2025ರ ಆಗಸ್ಟ್ ಕೊನೆಯಲ್ಲಿ ಒಂದರಿಂದ ಎರಡಕ್ಕೇರಿದ ನೋಂದಣಿ ಶುಲ್ಕ, ಎರಡೂ ಅದರ ಮೇಲೇ ಬೀಳುತ್ತವೆ. ಬ್ಯಾಂಕ್ ಸಾಲ ಬೇಕಾದವನಿಗೆ ಶುಕ್ಲವೇ ಬೇಕು. 20,000 ಮತ್ತು ಅದಕ್ಕೆ ಮೇಲ್ಪಟ್ಟ ನಗದಿನ ಕೃಷ್ಣಪಕ್ಷ ಕಾನೂನಿನಲ್ಲಿ ನಿಷಿದ್ಧ. ಎಷ್ಟೋ ವ್ಯಾಪಾರಗಳು ಹುಣ್ಣಿಮೆಯನ್ನೂ ಕಾಣದೆ ಅಮಾವಾಸ್ಯೆಯನ್ನೂ ಕಾಣದೆ ನಡುವೆ ಎಲ್ಲೋ ನಿಲ್ಲುತ್ತವೆ.

ಈಗ ಈ ಪ್ರಬಂಧದ ಹೃದಯಭಾಗ, ಮಾಲೀಕಭೇದ. ಭರತನ ನಾಟ್ಯಶಾಸ್ತ್ರ ನಾಯಿಕೆಯರನ್ನು ಅವರ ಅವಸ್ಥೆಗಳ ಮೇಲೆ ಎಂಟು ಬಗೆ ಮಾಡಿತು. ಮನೆ ಮಾರುವವನ ಅವಸ್ಥೆಗಳೂ ಎಂಟೇ ಇದ್ದು, ಒಬ್ಬನೇ ಮಾಲೀಕ ಒಂದು ಭಾನುವಾರದಲ್ಲಿ ಬಹುಪಾಲನ್ನು ದಾಟುತ್ತಾನೆ. ಬೆಳಿಗ್ಗೆ ಆತ ವಾಸಕಸಜ್ಜಿಕೆ: ನೆಲ ಒರೆಸಿ, ರಂಗೋಲಿ ಹಾಕಿಸಿ, ಗೋಡೆಯ ತೇವದ ಕಲೆಗೆ ವೆಂಕಟರಮಣನ ಕ್ಯಾಲೆಂಡರ್ ತೂಗುಹಾಕಿ, ಊದುಬತ್ತಿ ಹಚ್ಚಿ ಬಾಗಿಲಲ್ಲಿ ಕುಳಿತಿದ್ದಾನೆ. ಬ್ರೋಕರ್ ಫೋನ್ ಮಾಡಿ ‘ಪಾರ್ಟಿ ಹೊರಟಿದೆ ಸಾರ್, ಸ್ಟ್ರಾಂಗ್ ಪಾರ್ಟಿ, ನಾಳೆನೇ ಟೋಕನ್ ಕೊಡೋರು’ ಅಂದಿದ್ದಾನೆ. ಹನ್ನೊಂದಾದರೂ ಬರಲಿಲ್ಲ, ವಿರಹೋತ್ಕಂಠಿತೆ. ಒಂದು ಗಂಟೆಗೆ ಬ್ರೋಕರ್ ಫೋನ್ ಸ್ವಿಚ್ಡ್ ಆಫ್, ವಿಪ್ರಲಬ್ಧೆ. ತಡೆಯಲಾರದೆ ತಾನೇ ಸ್ಕೂಟರ್ ಹತ್ತಿ ಬ್ರೋಕರ್ ಆಫೀಸಿಗೆ ಹೊರಟರೆ ಅಭಿಸಾರಿಕೆ. ಅಲ್ಲಿ ಗೊತ್ತಾಗುತ್ತದೆ, ಪಾರ್ಟಿ ಬಂದದ್ದು ನಿಜ, ಆದರೆ ಹಿಂದಿನ ರಸ್ತೆಯ ಮನೆಗೆ ಅಡ್ವಾನ್ಸ್ ಕೊಟ್ಟು ಹೋಯಿತು, ಆಗ ಖಂಡಿತೆ. ರಾತ್ರಿ ಹೆಂಡತಿ ನೆನಪಿಸುತ್ತಾಳೆ, ‘ಹೋದ ವರ್ಷ ಆ ಮೇಷ್ಟ್ರು ಒಂದು ಕಾಲು ಕೋಟಿ ಕೊಡ್ತೀನಿ ಅಂದಾಗ ಜಗಳ ಆಡಿ ಕಳಿಸಿದ್ರಲ್ಲ’, ಅಲ್ಲಿಗೆ ಕಲಹಾಂತರಿತೆ.

ಉಳಿದದ್ದು ಎರಡು. ಪ್ರೋಷಿತಪತಿಕೆ ಎಂದರೆ ಜಂಟಿ ಮಾಲೀಕನಾದ ತಮ್ಮ ನ್ಯೂಜೆರ್ಸಿಯಲ್ಲಿರುವವನು. ತಮ್ಮ ಭಾರತೀಯ ಕಾನ್ಸುಲೇಟಿಗೆ ಹೋಗಿ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸಬೇಕು. ಅನಿವಾಸಿಯಿಂದ ಕೊಂಡರೆ ಹಿಡಿಯಬೇಕಾದ ಟಿಡಿಎಸ್ 1 ಪರ್ಸೆಂಟಿನಲ್ಲಿ ನಿಲ್ಲುವುದಿಲ್ಲವೆಂದು ತಿಳಿದ ಕೂಡಲೇ ಪಾರ್ಟಿ ಕಾಫಿಯನ್ನೂ ಕುಡಿಯದೆ ಏಳುತ್ತದೆ. ಸ್ವಾಧೀನಪತಿಕೆ, ಅಂದರೆ ಕೊಳ್ಳುವವನನ್ನು ಮುಷ್ಟಿಯಲ್ಲಿಟ್ಟುಕೊಂಡ ಮಾಲೀಕ, ಲಕ್ಷಣಗ್ರಂಥಗಳಲ್ಲಿ ಇದ್ದಾನೆ.

ಮನೆಯಲ್ಲಿ ಬಾಡಿಗೆದಾರನಿದ್ದರೆ ಪ್ರತಿನಾಯಕನ ಪಾತ್ರ ಅವನದು. ಅವನು ಮನೆಯನ್ನು ತೆಗಳುವುದಿಲ್ಲ. ಮಾಲೀಕ ಮಹಡಿ ತೋರಿಸಲು ಮುಂದೆ ಹೋದಾಗ ಪಾರ್ಟಿಯ ಕಿವಿಯಲ್ಲಿ, ‘ಮನೆ ಬಹಳ ಚೆನ್ನಾಗಿದೆ ಸಾರ್, ಮಳೆಗಾಲದಲ್ಲೊಂದ್ಸಲ ಬಂದು ನೋಡಿ’ ಎನ್ನುತ್ತಾನೆ. ಇದಕ್ಕೆ ಪರಿಹಾರ ಅವನ ಅಡ್ವಾನ್ಸ್ ವಾಪಸು ಕೊಡುವುದು. ಆ ಹಣ ಹುಟ್ಟಬೇಕಾದದ್ದು ಮನೆ ಮಾರಿದ ಮೇಲೆ.

ಕಾಲದೋಷವೂ ಕಡೆಗಣಿಸತಕ್ಕದ್ದಲ್ಲ. ಆಷಾಢದಲ್ಲಿ ಕೊಳ್ಳುವುದಿಲ್ಲ, ಪಿತೃಪಕ್ಷದಲ್ಲಿ ನೋಡುವುದೂ ಇಲ್ಲ, ಧನುರ್ಮಾಸದಲ್ಲಿ ಮಾತೇ ಇಲ್ಲ. 2023ರಲ್ಲಿ ಆಷಾಢ ಮುಗಿದ ಮರುದಿನವೇ ಅಧಿಕ ಶ್ರಾವಣ ಶುರುವಾಗಿ ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ ಸುಮಾರು ಎರಡು ತಿಂಗಳು ಬ್ರೋಕರುಗಳು ಬಾಡಿಗೆ ಮನೆಗಳಿಗೇ ಜೋತುಬಿದ್ದರು. ಉಳಿದ ದಿನಗಳಲ್ಲಿ ರಾಹುಕಾಲ, ಯಮಗಂಡ, ಟ್ರಾಫಿಕ್ ಕಳೆದರೆ ಮನೆ ತೋರಿಸಲು ಸಿಗುವ ಅವಧಿ ಬಹಳ ಸಣ್ಣದು. ಆ ಹೊತ್ತಿಗೆ ನೋಂದಣಿ ಕಚೇರಿಯ ಸರ್ವರ್ ಡೌನ್.

ಬೆಲೆ ಕಾರಣವಲ್ಲವೆಂದು ಆಗಲೇ ಸಿದ್ಧವಾಗಿದ್ದರೂ, ಪಾಂಡಿತ್ಯದ ದೃಷ್ಟಿಯಿಂದ ಅದು ಹೇಗೆ ಹುಟ್ಟುತ್ತದೆಂದು ನೋಡಬಹುದು. ಹಿಂದಿನ ರಸ್ತೆಯ ಮನೆ ಎಷ್ಟಕ್ಕೆ ಹೋಯಿತೆಂದು ಇಸ್ತ್ರಿಯವನು ಹೇಳಿದನೋ ಅದು ಮೂಲಧನ. ಅದಕ್ಕೆ ಬರ್ಮಾ ತೇಗದ ಬಾಗಿಲು, ಅಮ್ಮ ನೆಟ್ಟ ತೆಂಗಿನಮರ, ಅಡುಗೆಮನೆಗೆ ಹಾಕಿಸಿದ ಗ್ರಾನೈಟ್, ಮಗಳ ಮದುವೆಯ ಅಂದಾಜು ಕೂಡಿಸಿ, ಪಾರ್ಟಿ ಕೇಳಿಯೇ ಕೇಳುವ ಚೌಕಾಸಿಗೆಂದು ಹತ್ತು ಲಕ್ಷ ಸೇರಿಸಿ ರೌಂಡ್ ಫಿಗರ್ ಮಾಡುವುದು. 1990ರಲ್ಲಿ ಡೇನಿಯಲ್ ಕಾನೆಮನ್, ಜ್ಯಾಕ್ ಕ್ನೆಚ್, ರಿಚರ್ಡ್ ಥೇಲರ್ ಪ್ರಕಟಿಸಿದ ಪ್ರಯೋಗಗಳಲ್ಲಿ ವಿದ್ಯಾರ್ಥಿಗಳ ಒಂದು ಗುಂಪಿಗೆ ಕಾಫಿ ಮಗ್ಗುಗಳನ್ನು ಕೊಟ್ಟು, ಮಾರುವುದಾದರೆ ಎಷ್ಟು ಬೇಕು ಎಂದು ಕೇಳಿದರು. ಮಗ್ಗು ಸಿಗದವರು ಕೊಡಲು ಸಿದ್ಧರಿದ್ದದ್ದರ ಸುಮಾರು ಎರಡರಷ್ಟು ಬೆಲೆಯನ್ನು ಮಗ್ಗು ಸಿಕ್ಕವರು ಹೇಳಿದರು. ಗಮನಿಸಬೇಕಾದದ್ದು, ಅವರಿನ್ನೂ ಆ ಮಗ್ಗಿನಲ್ಲಿ ಒಂದು ಗುಟುಕು ಕಾಫಿ ಕುಡಿದಿರಲಿಲ್ಲ. ಮೂವತ್ತು ವರ್ಷ ಅದೇ ಜಗಲಿಯ ಮೇಲೆ ಫಿಲ್ಟರ್ ಕಾಫಿ ಕುಡಿದವನು ಎರಡರಷ್ಟಕ್ಕೇ ನಿಲ್ಲಿಸಿದ್ದರೆ ಅದು ಅವನ ಸಂಯಮ.

ಉಳಿದದ್ದು ದೈವೋಪಾಯ. ಅಮೆರಿಕದಲ್ಲಿ ಮನೆ ಹೋಗದಿದ್ದರೆ ಕೆಲವರು ಸಂತ ಜೋಸೆಫರ ಪುಟ್ಟ ಮೂರ್ತಿಯನ್ನು ಅಂಗಳದಲ್ಲಿ ತಲೆಕೆಳಗಾಗಿ ಹೂಳುತ್ತಾರೆ, ಮಾರಾಟವಾದ ಮೇಲೆ ಅಗೆದು ತೆಗೆದು ಹೊಸ ಮನೆಗೆ ಒಯ್ಯುತ್ತಾರೆ. ನ್ಯೂಜೆರ್ಸಿಯ ತಮ್ಮ ಇದನ್ನು ಸೂಚಿಸಿದಾಗ ಅಣ್ಣ ಒಪ್ಪಲಿಲ್ಲ; ಮತ ಅಡ್ಡಿಯಾಗಲಿಲ್ಲ, ಹೂಳಲು ಅಂಗಳವಿರಲಿಲ್ಲ. ನಮ್ಮಲ್ಲಿ ಇದಕ್ಕೆ ಪ್ರಸಿದ್ಧವಾದದ್ದು ಕೆ.ಆರ್. ಪೇಟೆ ತಾಲ್ಲೂಕಿನ ಕಲ್ಲಹಳ್ಳಿ. ಹೇಮಾವತಿ ದಂಡೆಯ ಭೂವರಾಹಸ್ವಾಮಿಯ ಸನ್ನಿಧಿಗೆ ಸೈಟು ಬೇಕಾದವರು, ಮನೆ ಕಟ್ಟುವವರು, ಆಸ್ತಿ ತಗಾದೆಯಲ್ಲಿರುವವರು ಮಣ್ಣು, ಇಟ್ಟಿಗೆ ಹಿಡಿದು ಬರುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಮಾರುವವನು ಹೆಚ್ಚಿನ ಬೆಲೆಗೆಂದೂ ಕೊಳ್ಳುವವನು ಕಡಿಮೆ ಬೆಲೆಗೆಂದೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ; ಭೂದೇವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ ಸ್ವಾಮಿ ಇಬ್ಬರ ಇಟ್ಟಿಗೆಯನ್ನೂ ನೋಡಬೇಕು. ಇಬ್ಬರೂ ಸಾಲಿನಲ್ಲಿ ಪರಸ್ಪರ ಮಾತಾಡಿಕೊಂಡರೆ ಬ್ರೋಕರ್ ಕಮಿಷನ್ ಉಳಿಯುತ್ತಿತ್ತು ಎಂಬುದು ಬೇರೆ ಮಾತು.

ಕ್ಷೇತ್ರಕಾರ್ಯದಲ್ಲಿ ಕಂಡ ಒಂದು ಪ್ರಕರಣ ಮಾತ್ರ ಈ ಸಿದ್ಧಾಂತಕ್ಕೆ ಒಗ್ಗುವುದಿಲ್ಲ. ವಿಜಯನಗರದ ಕಡೆಯ ಮನೆ, 30×40, ಕಾಕಾಯ, ದಕ್ಷಿಣದ ಬಾಗಿಲು, ಮೇಲೆ ಬಾಡಿಗೆದಾರ, ಒಡೆತನ ಒಬ್ಬ ಅಣ್ಣ ಇಬ್ಬರು ತಂಗಿಯರದು, ಬೋರ್ಡು ಹಾಕಿದ್ದು ಆಷಾಢದಲ್ಲಿ. ಶಾಸ್ತ್ರದ ಯಾವ ದೋಷವೂ ಬಾಕಿ ಇರಲಿಲ್ಲ, ಆದರೂ ಶ್ರಾವಣ ಹುಟ್ಟುವ ಮೊದಲೇ ಅಗ್ರಿಮೆಂಟ್ ಆಯಿತು. ಯಾವ ಪೂಜೆ ಮಾಡಿಸಿದಿರಿ ಎಂದು ವಿಚಾರಿಸಿದ್ದಕ್ಕೆ ಮಾಲೀಕರು, ‘ಏನೂ ಇಲ್ಲ, ಆಸುಪಾಸಿನಲ್ಲಿ ಹೋಗಿದ್ದ ರೇಟನ್ನೇ ಹೇಳಿದೆ, ತಂಗಿಯರಿಗೆ ಮೊದಲೇ ಪಾಲು ಬರೆದುಕೊಟ್ಟಿದ್ದೆ’ ಅಂದರು. ಉಳಿದ ಮಾಲೀಕರ ಹೇಳಿಕೆಗಳೊಡನೆ ಇದು ಎಲ್ಲಿಯೂ ತಾಳೆಯಾಗದ ಕಾರಣ, ಈ ಪ್ರಕರಣವನ್ನು ಪ್ರಕ್ಷಿಪ್ತವೆಂದು ಬಗೆದು ಕೈಬಿಡಲಾಗಿದೆ.