ಮೀನೊಂದಕ್ಕೆ ಎರಡು ಡಾಲರು

ಮದುವೆ ಮನೆಗೆ ಹೋದರೆ ಪಂಕ್ತಿಗೆ ಎಷ್ಟು ಎಲೆ, ಒಟ್ಟು ಎಷ್ಟು ಪಂಕ್ತಿ, ಎಲೆಯೊಂದಕ್ಕೆ ಎಷ್ಟು ಬಿದ್ದಿರಬಹುದು ಎಂಬ ಲೆಕ್ಕವನ್ನು ಮಜ್ಜಿಗೆ ಬರುವುದರೊಳಗೆ ಮುಗಿಸಿ ಕೈತೊಳೆಯುವವರೊಬ್ಬರು ಪ್ರತಿ ಬಳಗದಲ್ಲೂ ಇರುತ್ತಾರೆ. ನಮ್ಮ ಬಳಗದಲ್ಲಿ ಅವರು ನನ್ನ ಮಾವನವರು. ಬೆಂಗಳೂರಿನ ಎ.ಜಿ. ಆಫೀಸಿನಲ್ಲಿ ಮೂವತ್ತಾರು ವರ್ಷ ಸರ್ಕಾರದ ಖರ್ಚಿಗೆ ಟಿಕ್ಕು ಹಾಕಿದವರು. ನಿವೃತ್ತರಾಗಿ ಒಂಬತ್ತು ವರ್ಷವಾದರೂ ಟಿಕ್ಕು ನಿಂತಿಲ್ಲ. ಹಾಗೆಂದು ಜಿಪುಣರು ಅನ್ನಬೇಡಿ. ಕೇಳಿದವರಿಗೆ ಕೊಡುತ್ತಾರೆ, ಕೊಟ್ಟದ್ದನ್ನು ವಾಪಸು ಕೇಳುವುದಿಲ್ಲ, ಆದರೆ ಬರೆದಿಡುತ್ತಾರೆ.

ಅತ್ತೆ-ಮಾವ ಆರು ತಿಂಗಳಿಗೆಂದು ಕ್ಯಾಲಿಫೋರ್ನಿಯಾದ ನಮ್ಮ ಮನೆಗೆ ಬಂದಿದ್ದಾಗ, ಹವಾಯಿಯ ದೊಡ್ಡ ದ್ವೀಪಕ್ಕೆ ಹೋಗೋಣ ಎಂದು ಹೊರಡಿಸಿದವಳು ನನ್ನ ಹೆಂಡತಿ. ಅಲ್ಲಿನ ಕೋನಾ ವಿಮಾನ ನಿಲ್ದಾಣ ಇರುವುದೇ ಹುಅಲಾಲಾಯ್ ಜ್ವಾಲಾಮುಖಿ 1801ರಲ್ಲಿ ಕಕ್ಕಿದ ಲಾವಾದ ಮೇಲೆ. ಕಿಟಕಿಯಿಂದ ನೋಡಿದರೆ ಕಣ್ಣು ಹರಿಯುವಷ್ಟು ದೂರ ಕಪ್ಪು ಹೆಂಟೆ, ಕಪ್ಪು ಸುರುಳಿ, ಕಪ್ಪು ಬಿರುಕು. ನಾವೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರೆ ಮಾವನವರು ಕನ್ನಡಕ ಸರಿಮಾಡಿಕೊಂಡು, "ಅಳಿಯಂದ್ರೇ, ರನ್‌ವೇಗೆ ತಂದ ಡಾಂಬರು ಅರ್ಧಕ್ಕರ್ಧ ಹೊರಗೇ ಚೆಲ್ಲಿದೆ. ಯಾರು ಕಂಟ್ರಾಕ್ಟರು?" ಅಂದರು.

ಮಾರನೆಯ ದಿನಕ್ಕೆ ಸ್ನಾರ್ಕೆಲಿಂಗ್ ದೋಣಿ ಗೊತ್ತಾಗಿತ್ತು. ತಲೆಗೆ 149 ಡಾಲರು. ರಸೀದಿಯನ್ನು ಮಾವನವರಿಗೆ ಕಾಣಿಸಬಾರದಿತ್ತು, ಕಾಣಿಸಿಬಿಟ್ಟೆ.

"ತೆರಿಗೆ 4.712 ಅಂತೆ. ದಶಮಾಂಶ ಆದಮೇಲೆ ಮೂರು ಸ್ಥಾನ! ಇದು ಹೇಗೆ ಬಂತು?"

ನನಗೇನು ಗೊತ್ತು? ರಾತ್ರಿ ಒಂದು ಗಂಟೆಗೆ ನೀರು ಕುಡಿಯಲು ಎದ್ದರೆ ಮಾವನವರು ಫೋನಿನ ಬೆಳಕಿನಲ್ಲಿ ಹೋಟೆಲಿನ ನೋಟ್‌ಪ್ಯಾಡಿನ ಮೇಲೆ ಗೀಚುತ್ತ ಕೂತಿದ್ದರು. ಮುಖ ಅರಳಿತ್ತು. "ಸಿಕ್ತು! ನಿಜವಾದ ದರ ನಾಲ್ಕೂವರೆ. ಆದರೆ ಗಿರಾಕಿಯಿಂದ ವಸೂಲಿ ಮಾಡಿದ ತೆರಿಗೆಯೂ ವ್ಯಾಪಾರಿಯ ಆದಾಯವೇ ಅಂತ ಅದಕ್ಕೂ ಇಲ್ಲಿ ತೆರಿಗೆ ಹಾಕ್ತಾರೆ. ತೆರಿಗೆಯ ಮೇಲೆ ತೆರಿಗೆ. ಅದನ್ನೂ ಸೇರಿಸಿ ವಸೂಲಿ ಮಾಡೋದಕ್ಕೆ 4.712ರವರೆಗೆ ಬಿಟ್ಟಿದ್ದಾರೆ. ಭಲೇ!" ಹವಾಯಿಯಲ್ಲಿ ಅವರ ಮನಸ್ಸನ್ನು ಮೊದಲು ಗೆದ್ದದ್ದು ಕಡಲೂ ಅಲ್ಲ, ಬೆಟ್ಟವೂ ಅಲ್ಲ, ಈ ತೆರಿಗೆ. ತಲೆಗೆ 156 ಡಾಲರು 2 ಸೆಂಟು, ನಾಲ್ವರಿಗೆ 624 ಡಾಲರು 8 ಸೆಂಟು. ಡಾಲರಿಗೆ 85 ರೂಪಾಯಿಯಂತೆ ಗುಣಿಸಿ, ತಲೆಗೆ 13,261 ರೂಪಾಯಿ 70 ಪೈಸೆ ಎಂದು ಬರೆದು ಅಡಿಗೆರೆ ಎಳೆದು ಮಲಗಿದರು. "ಮಲ್ಪೆಯ ಸೇಂಟ್ ಮೇರೀಸ್ ದ್ವೀಪವೂ ಜ್ವಾಲಾಮುಖಿಯದೇ ಕಲ್ಲು. ಈ ದುಡ್ಡಿಗೆ ನಮ್ಮ ಇಡೀ ಬೀದಿಯನ್ನೇ ಅಲ್ಲಿಗೆ ಕರಕೊಂಡು ಹೋಗಬಹುದಿತ್ತು" ಎಂಬ ಮಾತು ಹೊದಿಕೆಯೊಳಗಿಂದ ಬಂತು.

ಬೆಳಗ್ಗೆ ಹೊನೊಕೊಹಾವು ಬಂದರಿಗೆ ಹೊರಟಾಗ ಮಾವನವರ ಬಟ್ಟೆಚೀಲದಲ್ಲಿ ಅರ್ಧ ಡಜನ್ ಬಾಳೆಹಣ್ಣಿತ್ತು. ಹವಾಯಿಯಲ್ಲಿ ಗಿಡ್ಡನೆಯ, ಒಂದಿಷ್ಟು ಹುಳಿ ಬೆರೆತ ಒಂದು ಜಾತಿ ಸಿಗುತ್ತದೆ. ಅಂಗಡಿಯಲ್ಲಿ ಕಂಡಕೂಡಲೇ "ನಮ್ಮ ಏಲಕ್ಕಿ ಬಾಳೆಯ ದಾಯಾದಿ" ಎಂದು ಕೊಂಡಿದ್ದರು. ಒಂದನ್ನು ಸಮುದ್ರರಾಜನಿಗೆ ತೋರಿಸಿ, ಮಿಕ್ಕದ್ದನ್ನು ನಡುಹಗಲಿನ ಫಲಾಹಾರಕ್ಕೆ ಎತ್ತಿಡುವುದು ಅವರ ಯೋಜನೆ.

ದೋಣಿಯೆಂದರೆ ಅಂಚಿಗೆಲ್ಲ ಗಾಳಿ ತುಂಬಿದ ದಪ್ಪ ರಬ್ಬರಿನ ಕೊಳವೆ ಕಟ್ಟಿದ ಹದಿನೈದು ಜನರ ತೆಪ್ಪ. ನಡೆಸುವವಳು ಮೂವತ್ತು ದಾಟದ, ಬಿಸಿಲಿಗೆ ಮಾಗಿದ ಹುಡುಗಿ. "ಈ ಮಗೂನೇ ಡ್ರೈವರ್ರಾ?" ಎಂದು ಅತ್ತೆ ಬೆರಗಾಗುತ್ತಿರುವಾಗಲೇ ಆ ಮಗು ಚೀಲದೊಳಗೆ ಕಣ್ಣು ಹಾಯಿಸಿ ಎರಡು ಹೆಜ್ಜೆ ಹಿಂದೆ ಸರಿಯಿತು. ದೋಣಿಯಲ್ಲಿ ಬಾಳೆಹಣ್ಣು ಕೂಡದು! ಹವಾಯಿಯ ಕಡಲಿಗರಿಗೆ ಅದು ಅಪಶಕುನ. ಮೀನು ಸಿಗದು, ಎಂಜಿನ್ ಕೆಡುತ್ತದೆ, ಗಾಳಿ ಏಳುತ್ತದೆ.

ಮಾವನವರು ಮೂಕರಾದರು. ನಿಶ್ಚಿತಾರ್ಥದಿಂದ ಗೃಹಪ್ರವೇಶದವರೆಗೆ, ತಾಂಬೂಲದಿಂದ ನೈವೇದ್ಯದವರೆಗೆ ಯಾವ ಹಣ್ಣಿಲ್ಲದೆ ಒಂದು ಶುಭಕಾರ್ಯವೂ ನಡೆಯದೋ ಆ ಹಣ್ಣು ಅಪಶಕುನವೇ? "ಆದೇಶದ ಪ್ರತಿ ಇದೆಯೇ ಕೇಳಿ" ಎಂದು ನನಗೆ ಪಿಸುಗುಟ್ಟಿದರು. ಆದೇಶವಿಲ್ಲ, ವಾಡಿಕೆ. ಎಸೆಯಲು ಅವರ ಕೈ ಬಾರದು. ಕೊನೆಗೆ ಕಟ್ಟೆಯ ಮೇಲೆ ನಿಂತೇ ತಲಾ ಒಂದು ತಿಂದೆವು. ನನಗೆ ಬಲವಂತದಿಂದ ಎರಡು. ಚೀಲ ಮಡಚಿ ಕಂಕುಳಲ್ಲಿಟ್ಟು ಮಾವನವರು ದೋಣಿ ಹತ್ತಿದರು.

ದಡದುದ್ದಕ್ಕೂ ದಕ್ಷಿಣಕ್ಕೆ ಸಾಗಿದೆವು. ಕಪ್ಪು ಬಂಡೆಗೋಡೆಗಳಲ್ಲಿ ಅಲ್ಲಲ್ಲಿ ಗವಿಗಳು. ಹುಡುಗಿ ಅಲೆಯ ಏರಿಳಿತ ನೋಡಿಕೊಂಡು ದೋಣಿಯ ಮೂತಿಯನ್ನು ಒಂದು ಗವಿಯೊಳಗೇ ತೂರಿಸಿ ವಿವರಿಸಿದಳು: ಲಾವಾ ಹರಿಯುವಾಗ ಮೇಲ್ಪದರ ತಣಿದು ಗಟ್ಟಿಯಾಗುತ್ತದೆ, ಒಳಗಿನದು ಬಿಸಿಯಾಗಿಯೇ ಹರಿದು ಮುಂದೆ ಹೋಗುತ್ತದೆ, ಉಳಿಯುವುದು ಟೊಳ್ಳು ಕೊಳವೆ. ಮಾವನವರು ತಲೆದೂಗಿದರು. "ಎಷ್ಟು ಇಲಾಖೆಗಳಲ್ಲಿ ನೋಡಿಲ್ಲ! ಮೇಲೆ ನೋಡಿದರೆ ಗಟ್ಟಿ, ಒಳಗಿನದೆಲ್ಲ ಎಂದೋ ಹರಿದುಹೋಗಿರುತ್ತೆ."

ಕೆಯಾಲಕೆಕುವಾ ಕೊಲ್ಲಿ ಬಂತು. ಹೆಸರಿನ ಅರ್ಥ ದೇವರ ದಾರಿ. ಕೊಲ್ಲಿಯ ಬಾಯಲ್ಲೇ ಉದ್ದ ಮೂತಿಯ ಡಾಲ್ಫಿನ್ನುಗಳು ನಿಧಾನವಾಗಿ ತೇಲುತ್ತಿದ್ದವು. ಇವು ರಾತ್ರಿಯೆಲ್ಲ ಆಳ ಕಡಲಲ್ಲಿ ಬೇಟೆಯಾಡಿ ಹಗಲು ಕೊಲ್ಲಿಯಲ್ಲಿ ವಿಶ್ರಮಿಸುತ್ತವೆ. ನಿದ್ದೆ ಕೆಡಿಸಬಾರದೆಂದು 2021ರಿಂದ ಕಾನೂನೇ ಆಗಿದೆ, 50 ಗಜದೊಳಗೆ ಹೋಗುವಂತಿಲ್ಲ. "ರಾತ್ರಿ ಪಾಳಿಯವರು. ಪಾಪ, ನಮ್ಮ ಅಳಿಯಂದಿರ ಹಾಗೆ" ಎಂದು ಅತ್ತೆ ಮರುಗಿದರು. ಮಾವನವರು ಒಂದು ಕಣ್ಣು ಮುಚ್ಚಿ ದೂರ ಅಳೆದು, "ನಲವತ್ತೈದೇ ಇದೆ, ಹಿಂದೆ ತಗೊಳ್ಳಮ್ಮ" ಎಂದು ಕೈಸನ್ನೆ ಮಾಡಿದರು. ಹುಡುಗಿ ನಿಜಕ್ಕೂ ಹಿಂದೆ ತೆಗೆದುಕೊಂಡಳು.

ಎದುರಿನ ದಡದಲ್ಲಿ ಬಿಳಿಯ ಕಂಬ. 1874ರಲ್ಲಿ ನಿಲ್ಲಿಸಿದ, 27 ಅಡಿ ಎತ್ತರದ, ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್‌ನ ಸ್ಮಾರಕ. 1779ರ ಜನವರಿಯಲ್ಲಿ ಕುಕ್ ಈ ಕೊಲ್ಲಿಗೆ ಬಂದಾಗ ಭಾರಿ ಮರ್ಯಾದೆ ಸಿಕ್ಕಿತ್ತು. ಫೆಬ್ರವರಿಯ ಮೊದಲ ವಾರ ಹೊರಟ. ಬಿರುಗಾಳಿಗೆ ಹಡಗಿನ ಮುಂಗಂಬ ಮುರಿದು ಒಂದೇ ವಾರದಲ್ಲಿ ವಾಪಸು ಬಂದ. ಈ ಸಲ ಮರ್ಯಾದೆ ಇರಲಿಲ್ಲ. ಅವನ ಸಣ್ಣ ದೋಣಿಯೊಂದು ಕಳುವಾಯಿತು. ಅದಕ್ಕಾಗಿ ಅಲ್ಲಿನ ಅರಸನನ್ನೇ ಒತ್ತೆಯಿಟ್ಟುಕೊಳ್ಳಲು ಹೋಗಿ 14ರಂದು ಇದೇ ದಡದಲ್ಲಿ ಹತನಾದ. ದೋಣಿಯಲ್ಲಿದ್ದವರೆಲ್ಲ ಗಂಭೀರವಾದರು. ಮಾವನವರು ಎರಡು ಆಕ್ಷೇಪಣೆ ದಾಖಲಿಸಿದರು. ಒಂದು, ಹೊರಡುವ ಮೊದಲೇ ಮುಂಗಂಬದ ರಿಪೇರಿ ಸರಿಯಾಗಿ ಮಾಡಿಸಲಿಲ್ಲ. ಎರಡು, ಕಳುವಾದ ಒಂದು ದೋಣಿಯ ವಸೂಲಿಗೆ ಒಬ್ಬ ಕ್ಯಾಪ್ಟನ್ನನ್ನೇ ಖರ್ಚು ಮಾಡಿದ್ದು ಅತಿವೆಚ್ಚ.

ಈಗ ನೀರಿಗಿಳಿಯುವ ಹೊತ್ತು. ತುಂಗೆಯ ದಡದಲ್ಲಿ ಬೆಳೆದ ಅತ್ತೆ, ಬಾಡಿಗೆಯ ರಬ್ಬರು ಅಂಗಿಯೊಳಗೆ ಚೂಡಿದಾರವನ್ನು ತುರುಕಿಕೊಂಡವರೇ ದೋಣಿಯಂಚಿನಿಂದ ದಬಕ್ಕನೆ ಧುಮುಕಿ ಹೊರಟೇಹೋದರು. ಮಾವನವರ ಕಷ್ಟ ಬೇರೆ. ಮುಖವಾಡದ ಗಾಜು ಮಂಜಾಗದಿರಲು ಅದಕ್ಕೆ ಉಗುಳಿ ಉಜ್ಜಬೇಕು ಎಂದಳು ಹುಡುಗಿ.

"ಎಂಜಲನ್ನು ಕಣ್ಣಿಗೆ ಕಟ್ಟಿಕೊಳ್ಳಬೇಕೇ?"

ಅದಕ್ಕಿಂತ ದೊಡ್ಡ ಸಂಕಟ ಉಸಿರಾಡುವ ಕೊಳವೆಯದು. ಔಷಧಿ ನೀರಿನ ಬಕೆಟ್ಟಿನಲ್ಲಿ ಅದ್ದಿ ತೊಳೆದದ್ದೇ ಆದರೂ, ಹಿಂದೆ ಎಷ್ಟು ಬಾಯಿ ಕಚ್ಚಿದೆಯೋ ಯಾರಿಗೆ ಗೊತ್ತು? ಮಾವನವರು ಎಪ್ಪತ್ತು ವರ್ಷ ಲೋಟವನ್ನು ತುಟಿಗೆ ತಾಗಿಸದವರು. ಕೊಳವೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಯೋಚಿಸಿ ನನ್ನನ್ನು ಕೇಳಿದರು: "ನೀರಾದರೆ ಎತ್ತಿ ಕುಡೀಬಹುದು. ಗಾಳೀನ ಎತ್ತಿ ಕುಡಿಯೋದು ಹೇಗೆ ಅಳಿಯಂದ್ರೇ?"

ಉತ್ತರವಿರಲಿಲ್ಲ. 13,261 ರೂಪಾಯಿ 70 ಪೈಸೆ ಮಾತ್ರ ಇತ್ತು. ಅದನ್ನು ನೆನೆದು ಕಣ್ಣುಮುಚ್ಚಿ ಕೊಳವೆ ಕಚ್ಚಿದರು. ಲೈಫ್ ಜಾಕೆಟ್ಟು, ತೇಲುವ ಉಂಗುರ, ದೋಣಿಯ ಹಗ್ಗ, ಮಗಳ ಕೈ, ಹೀಗೆ ನಾಲ್ಕು ಭದ್ರತೆಗಳೊಂದಿಗೆ ಮಾವನವರು ಪೆಸಿಫಿಕ್ ಸಾಗರಕ್ಕೆ ಇಳಿದರು. ಶೃಂಗೇರಿಯ ಮೀನುಗಳಿಗೆ ಹಾಕುವ ಹಾಗೆ ಪುರಿ ಹಾಕಬೇಕಿತ್ತು ಎಂಬ ಆಸೆಯೊಂದಿತ್ತು. 1969ರಿಂದ ಇದು ಸಂರಕ್ಷಿತ ಕೊಲ್ಲಿ, ತಿನಿಸು ಹಾಕುವಂತಿಲ್ಲ ಎಂದು ತಿಳಿದಮೇಲೆ ಬಿಟ್ಟರು.

ನಾನು ನೀರಿನಲ್ಲಿ ಆ ನಲವತ್ತು ನಿಮಿಷ ಮಾಡಿದ್ದು ಒಂದೇ ಕೆಲಸ: ವೀಡಿಯೋ. ಕ್ಯಾಮೆರಾ ಅತ್ತ ತಿರುಗಿಸು, ಇತ್ತ ತಿರುಗಿಸು, ಕೆಂಪು ದೀಪ ಹೊತ್ತಿದೆಯೇ ನೋಡು. ಒಮ್ಮೆ ಮಾತ್ರ ಮಾವನವರ ಕಡೆ ಕಣ್ಣು ಹೋಯಿತು. ಮುಖ ನೀರಿನೊಳಗೆ, ಬೆನ್ನು ಮೇಲೆ, ಅಲುಗಾಟವಿಲ್ಲ. ಎದೆ ಧಸಕ್ಕೆಂದಿತು. ಹತ್ತಿರ ಹೋಗಿ ನೋಡಿದರೆ ಬಲಗೈಯ ಹೆಬ್ಬೆರಳು ಮಾತ್ರ ಚಲಿಸುತ್ತಿದೆ: ಕಿರುಬೆರಳಿನ ಬುಡ, ನಡು, ತುದಿ; ಉಂಗುರ ಬೆರಳಿನ ಬುಡ, ನಡು, ತುದಿ. ಜಪದ ಗೆಣ್ಣೆಣಿಕೆ! ಹನ್ನೆರಡಾದ ಕೂಡಲೇ ಎಡಗೈಯ ಒಂದು ಗೆಣ್ಣು ಮುಂದೆ. ಮಾವನವರು ಮೀನು ಎಣಿಸುತ್ತಿದ್ದರು.

ದೋಣಿಗೆ ಹತ್ತಿ ಅನಾನಸ್ ಹೋಳು ಬಾಯಿಗಿಟ್ಟುಕೊಂಡವರೇ ವರದಿ ಮಂಡಿಸಿದರು. "ಒಟ್ಟು 320. ಅದರಲ್ಲಿ 8 ಎರಡನೇ ಸಲ ಬಂದವು, ಕಳೆದಿದ್ದೇನೆ. ನಿವ್ವಳ 312. ಮೀನೊಂದಕ್ಕೆ ಸರಿಯಾಗಿ 2 ಡಾಲರು ಬಿತ್ತು."

"ಎರಡನೇ ಸಲ ಬಂದದ್ದು ಅಂತ ಹೇಗೆ ಗೊತ್ತಾಯ್ತು ಮಾವ?"

"ಒಂದರ ಬಾಲ ಹರಿದಿತ್ತು. ಇನ್ನೊಂದು ಬಲಗಡೆಗೆ ವಾಲಿಕೊಂಡು ಈಜುತ್ತೆ, ನಮ್ಮ ಸೆಕ್ಷನ್ನಿನ ಹೆಡ್‌ಕ್ಲರ್ಕ್ ನಡೆಯೋ ಹಾಗೆ. ಅರಿಸಿನದ ಬಣ್ಣದವೇ ಹೆಚ್ಚು. ಬಿಳಿ ಮೈಗೆ ಕಪ್ಪು ಪಟ್ಟಿಯವು ಬಂದರೆ ಜೋಡಿಯಾಗೇ ಬರ್ತವೆ, ಆಮಂತ್ರಣದಲ್ಲಿ ದಂಪತಿಸಮೇತ ಅಂತ ಬರೆದ ಹಾಗೆ. ಮತ್ತೆ ಹಸಿರು ಬಣ್ಣದ್ದು, ಕೊಕ್ಕಿನ ಥರ ಬಾಯಿ. ಅದು ಬಂಡೆ ತಿನ್ನುತ್ತೆ ಕಣ್ರೀ! ಯಾರೋ ಪಕ್ಕದಲ್ಲಿ ಕೂತು ಕೋಡುಬಳೆ ಕಡಿದ ಹಾಗೆ ಕೇಳಿಸ್ತು."

ಹುಡುಗಿಯ ಕಣ್ಣು ಅಗಲವಾಯಿತು. ಅದು ಗಿಳಿಮೀನು, ಹವಳದ ಬಂಡೆಯನ್ನು ಕೊರೆದು ತಿಂದು, ಅರೆದು, ಮರಳಾಗಿ ಹೊರಹಾಕುತ್ತದೆ, ಇಲ್ಲಿನ ಬಿಳಿ ಮರಳಿನ ದೊಡ್ಡ ಪಾಲು ಅದರ ಹೊಟ್ಟೆಯಿಂದ ಬಂದದ್ದು ಎಂದಳು. ಹಂದಿಮೂತಿಯ, ಕಣ್ಣಿನಿಂದ ಓರೆಯಾಗಿ ಕಪ್ಪು ಪಟ್ಟಿ ಎಳೆದ ಮೀನೊಂದನ್ನು ಮಾವನವರು ಕೈಯಲ್ಲೇ ಬರೆದು ತೋರಿಸಿದಾಗ, ಅದು ಹವಾಯಿಯ ರಾಜ್ಯಮೀನು ಹುಮುಹುಮುನುಕುನುಕುಆಪುಆಆ ಎಂದು ಉಸಿರು ತೆಗೆದುಕೊಳ್ಳದೆ ಹೇಳಿದಳು. ಆ ಮೀನಿನ ಸೇವಾಪುಸ್ತಕವೂ ಸ್ವಾರಸ್ಯದ್ದು: ಮೊದಲು ಕೊಟ್ಟ ಪದವಿ ಐದೇ ವರ್ಷದ್ದಾಗಿತ್ತು, 1990ರಲ್ಲಿ ಅವಧಿ ಮುಗಿಯಿತು, ಕಾಯಂ ಆದದ್ದು 2006ರಲ್ಲಿ. ಮಾವನವರು ನೇರವಾಗಿ ಕೂತರು. "ಹಾಗಾದರೆ ಹದಿನಾರು ವರ್ಷ ಆದೇಶವಿಲ್ಲದೆ ಕೆಲಸ ಮಾಡಿದೆ. ಹಿಂಬಾಕಿ ಕೊಟ್ಟರೇ?"

ಹಿಂದಿರುಗುವಾಗ ನಡುಗಡಲಲ್ಲಿ ಎಂಜಿನ್ ಕೆಮ್ಮಿ ನಿಂತಿತು. ಹುಡುಗಿ ಅದನ್ನು ಮೇಲೆತ್ತಿ, ಪಂಖಕ್ಕೆ ಸುತ್ತಿಕೊಂಡಿದ್ದ ಹಗ್ಗದ ತುಂಡನ್ನು ಬಿಡಿಸತೊಡಗಿದಳು. ಎಲ್ಲರೂ ಅತ್ತ ನೋಡುತ್ತಿದ್ದರು. ನನ್ನ ಮೂಗಿಗೆ ಮಾತ್ರ ಹಿಂದಿನಿಂದ ಪರಿಚಯದ ಪರಿಮಳ ಬಂತು. ತಿರುಗಿದರೆ ಮಾವನವರು ಕಡಲಿನತ್ತ ಮುಖ ಮಾಡಿ, ದವಡೆ ಅಲುಗದ ಹಾಗೆ ಏನನ್ನೋ ನುಂಗುತ್ತಿದ್ದಾರೆ. ಹಳದಿ ಸಿಪ್ಪೆಯ ತುದಿ ಬಟ್ಟೆಚೀಲದೊಳಗೆ ಸರಿಯುತ್ತಿದೆ. ಎಂಜಿನ್ ಗುರ್ ಎಂದಿತು. ಮಾವನವರು ನನ್ನ ಕಣ್ಣು ತಪ್ಪಿಸಿ, "ಕಾಕತಾಳೀಯ" ಅಂದರು.

ಆ ರಾತ್ರಿ ನನ್ನ ವೀಡಿಯೋ ಹಾಕಿದೆವು. ನಲವತ್ತು ನಿಮಿಷದಲ್ಲಿ ಹೆಚ್ಚುಪಾಲು ನನ್ನ ಹೆಬ್ಬೆರಳು, ಉಳಿದಂತೆ ಮಾವನವರ ಪಾದ. ನಡುನಡುವೆ ಮಸುಕು ಹಳದಿ. ಬಾಲ ಹರಿದ ಮೀನು ಅದರಲ್ಲಿಲ್ಲ, ಕೋಡುಬಳೆ ಸದ್ದೂ ಇಲ್ಲ. ಸುಖವನ್ನೂ ಲೆಕ್ಕಕ್ಕೆ ಹಾಕುವವರು ಎಂದು ಇಂಥವರನ್ನು ಕಂಡು ನಾವು ನಗುತ್ತೇವೆ. ಎಣಿಸಬೇಕಾದರೆ ಮೊದಲು ನೋಡಬೇಕು ಎಂಬುದು ಆ ದಿನದವರೆಗೆ ನನಗೆ ಹೊಳೆದಿರಲಿಲ್ಲ. ಒಂದೇ ದರದ ಟಿಕೆಟ್ಟಿನಲ್ಲಿ ಅವರು 312 ಮೀನು ನೋಡಿ ಬಂದರು. ನಾನು ಒಂದು ಕ್ಯಾಮೆರಾ ನೋಡಿ ಬಂದೆ.

ಮಾವನವರು ಊರಿಗೆ ಹೊರಡುವ ಮುನ್ನ ಪ್ರವಾಸದ ಲೆಕ್ಕಪತ್ರವನ್ನು ನನ್ನ ಕೈಗೆ ಕೊಟ್ಟರು. ಪೈಸೆಗೆ ಪೈಸೆ ತಾಳೆಯಾಗುತ್ತದೆ. ಕೊನೆಯ ಸಾಲು ಹೀಗಿದೆ: "ಬಾಳೆಹಣ್ಣು: ಖರೀದಿ 6, ದಡದಲ್ಲಿ ವಿಲೇವಾರಿ 5, ವ್ಯತ್ಯಾಸ 1. ಷರಾ: ಈ ಬಾಬಿನ ಬಗ್ಗೆ ಅಳಿಯಂದಿರು ಪ್ರಶ್ನೆ ಎತ್ತತಕ್ಕದ್ದಲ್ಲ."