ರೊಟ್ಟಿ-ಛಾಯಾಯಂತ್ರ ಮೀಮಾಂಸೆ: ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳನ್ನು ಅನುಲಕ್ಷಿಸಿ

1. ಪ್ರಸ್ತಾವನೆ

ಊಟವನ್ನು ಉಣ್ಣುವ ವಸ್ತುವೆಂದು ತಿಳಿಯುವುದು ಪೂರ್ವಾಧುನಿಕ ಗ್ರಹಿಕೆ. ಸಮಕಾಲೀನ ಸಂಕಥನದಲ್ಲಿ ಊಟವೆಂಬುದು ಮೊದಲು ದೃಶ್ಯ, ಆಮೇಲೆ ಪಠ್ಯ, ಯಾರಾದರೂ ನೆನಪು ಮಾಡಿದರೆ ಕೊನೆಗೆ ಆಹಾರ. ಈ ಪರಿಪ್ರೇಕ್ಷ್ಯದಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಗಳೊಡನೆ ಕ್ಯಾಮೆರಾ ನಡೆಸುವ ಅನುಸಂಧಾನಕ್ಕೆ ತಕ್ಕ ಸಲಕರಣೆ ಯಾವುದೆಂಬ ತಾತ್ವಿಕ ಪ್ರಶ್ನೆಗೆ ಮುಖಾಮುಖಿಯಾಗುವುದೇ ಪ್ರಸ್ತುತ ಪ್ರಬಂಧದ ಆಶಯ.

2. ಭೌಗೋಳಿಕ ವ್ಯಾಪ್ತಿ

ಅಧ್ಯಯನದ ನೆಲೆ ಗದಗ ಜಿಲ್ಲೆ. ಇದು 1997ರಲ್ಲಿ ಧಾರವಾಡದಿಂದ ಬೇರೆಯಾಯಿತು. ಮುಂದೆ ಗಜೇಂದ್ರಗಡವು ರೋಣದಿಂದ ಬೇರೆಯಾಗಿ ತಾಲೂಕಾಯಿತು. ಇಷ್ಟೆಲ್ಲ ಗಡಿ ಬದಲಾದರೂ ಹಿಂಡಿಯ ಖಾರ ಕಡಿಮೆಯಾಗಿಲ್ಲವೆಂಬುದು ನಮ್ಮ ತಾತ್ಕಾಲಿಕ ಫಲಿತ.

3. ವರ್ಗೀಕರಣ

ಸಲಕರಣೆಗಳು ಪಂಚವಿಧ: ದರ್ಶಕ, ಧಾರಕ, ದೀಪಕ, ಶೋಭಕ, ಭಂಜಕ.

ದರ್ಶಕವೆಂದರೆ ಲೆನ್ಸು. 50 ಮಿ.ಮೀ. ಲೆನ್ಸು ಗಂಗಾಳವನ್ನು ಹೆಚ್ಚುಕಡಿಮೆ ಕಣ್ಣಿಗೆ ಕಂಡಂತೆ ತೋರಿಸುತ್ತದೆ. 100 ಮಿ.ಮೀ. ಮ್ಯಾಕ್ರೊ ಸಜ್ಜಿ ರೊಟ್ಟಿಯ ಮೇಲಿನ ಎಳ್ಳನ್ನು ಒಂದೊಂದಾಗಿ ಎಣಿಸಲು ಬಿಡುತ್ತದೆ. ಇಲ್ಲೊಂದು ಜ್ಞಾನಮೀಮಾಂಸಕ ಬಿಕ್ಕಟ್ಟಿದೆ. ಕ್ಯಾಮೆರಾದ ಮೀಟರಿಗೆ ಬಿಳುಪು ಗೊತ್ತಿಲ್ಲ, ಕಪ್ಪೂ ಗೊತ್ತಿಲ್ಲ. ಎದುರಿಗಿದ್ದದ್ದೆಲ್ಲ ನಡುಬೂದು ಎಂದೇ ಅದರ ನಂಬಿಕೆ. ಹೀಗಾಗಿ ಬಿಳಿಜೋಳದ ರೊಟ್ಟಿ ಚಿತ್ರದ ತುಂಬ ಕೂತರೆ ಬೂದಿ ಬಳಿದಂತೆ ಕಾಣುತ್ತದೆ. ಎರಿ ಹೊಲವೂ ಬಣ್ಣಗೆಟ್ಟು ಪೇಲವವಾಗುತ್ತದೆ. ಈ ಅದ್ವೈತವನ್ನು ಖಂಡಿಸಲು ರೊಟ್ಟಿಗೆ ಎಕ್ಸ್‌ಪೋಜರ್ ಒಂದು ಸ್ಟಾಪ್ ಏರಿಸಬೇಕು, ಎರಿ ಮಣ್ಣಿಗೆ ಇಳಿಸಬೇಕು.

ಧಾರಕವೆಂದರೆ ಟ್ರೈಪಾಡು. ಒಲೆಯ ಮುಂದಿನ ಜಾಗದಲ್ಲಿ ಒಂದೋ ಅದರ ಮೂರು ಕಾಲು ಹಿಡಿಸಬೇಕು, ಇಲ್ಲವೇ ಅಡುಗೆ ಮಾಡುವಾಕೆ. ಪರಂಪರೆಯ ಪ್ರಕಾರ ಆಕೆಯೇ ಸರಿಯುತ್ತಾಳೆ.

ದೀಪಕವೆಂದರೆ ಸಾಫ್ಟ್‌ಬಾಕ್ಸ್, ಫ್ಲ್ಯಾಷು ಇತ್ಯಾದಿ. ಆವಿ ಚಿತ್ರದಲ್ಲಿ ಕಾಣಬೇಕಾದರೆ ಬೆಳಕು ಹಿಂದಿನಿಂದ ಬರಬೇಕು, ಹಿನ್ನೆಲೆ ಕಪ್ಪಾಗಿರಬೇಕು. ಹಳೆಯ ಮಾಳಿಗೆಮನೆಯ ಬೆಳಕಿಂಡಿ ಮತ್ತು ಹೊಗೆ ಹಿಡಿದ ಗೋಡೆ ಇವೆರಡನ್ನೂ ಪುಕ್ಕಟೆ ಕೊಡುತ್ತವೆ. ಬಿಸಿಲು ಚುಚ್ಚಿದರೆ ಬಿಳಿ ಧೋತರ ಅಡ್ಡ ಹಿಡಿದರಾಯಿತು. ಸಲಕರಣೆ ಬಾಡಿಗೆ ಕೊಡುವವರ ಹಿತದೃಷ್ಟಿಯಿಂದ ಈ ಸಂಗತಿಯನ್ನು ಗೋಪ್ಯವಾಗಿಡತಕ್ಕದ್ದು.

ಶೋಭಕವೆಂದರೆ ತಾಜಾತನ ತೋರಿಸಲು ಕಾಯಿಪಲ್ಲೆಯ ಮೇಲೆ ಚಿಮುಕಿಸುವ ಗ್ಲಿಸರಿನ್, ಪಕ್ಕದಲ್ಲಿಡುವ ಒಡಕು ಕಂದೀಲು, ಯಾರೂ ಈಗ ಬಳಸದ ಬೀಸುಕಲ್ಲು. ಭಂಜಕವನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

4. ಕ್ಷೇತ್ರಕಾರ್ಯ

ಅಡುಗೆ ಮಾಡುವಾಕೆ ಬಿಸಿನೀರಲ್ಲಿ ಹಿಟ್ಟು ನಾದುತ್ತಾಳೆ. ಉಂಡೆಯನ್ನು ತಿರುಗಿಸುತ್ತ ಬಡಿದು ಹಂಚಿಗೆ ಹಾಕುತ್ತಾಳೆ, ಒದ್ದೆ ಅರಿವೆಯಿಂದ ಮೇಲೆ ನೀರು ಸವರುತ್ತಾಳೆ. ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಿದರೆ ಮಾತ್ರ ರೊಟ್ಟಿ ಉಬ್ಬುತ್ತದೆ. ಅಷ್ಟರಲ್ಲಿ ಕ್ಯಾಮೆರಾ ಹಿಡಿದ ಸಂಕಥನಕಾರರು ಅನ್ನುತ್ತಾರೆ: “ಅಕ್ಕಾ, ಕೈ ಅಡ್ಡ ಬರ್ತಿದೆ, ಸ್ವಲ್ಪ ತೆಗೀರಿ.”

“ಕೈ ತಗದ್ರ ರೊಟ್ಟಿ ಯಾರ್ ಬಡೀತಾರ್ರೀ ಸರ?”

ಈ ಪ್ರಶ್ನೆಗೆ ಯಾವ ಕಂಪನಿಯ ಕೈಪಿಡಿಯಲ್ಲೂ ಉತ್ತರವಿಲ್ಲ. ಕೈ ಆಚೆ ಹೋಗುತ್ತದೆ, ರೊಟ್ಟಿ ಆರಿ ಕಡಕ್ಕಾಗುತ್ತದೆ, ಚಿತ್ರದ ಕೆಳಗೆ “ಗ್ರಾಮೀಣ ಸೊಗಡು” ಎಂದು ಬೀಳುತ್ತದೆ. ಛಾಯಾಗ್ರಾಹಕನ ಹೆಸರಿರುತ್ತದೆ, ಲೆನ್ಸಿನ ಹೆಸರೂ ಇರುತ್ತದೆ. ಆಕೆಯದಿಲ್ಲ.

5. ಚರ್ಚೆ

ಯಾವ ಸೊಗಡು? ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ಹೊರೆಯ ವಿರುದ್ಧ ಎದ್ದುನಿಂತಾಗ, 1980ರ ಜುಲೈ 21ರಂದು ಗೋಲಿಬಾರ್ ಕಂಡ ಊರು ನರಗುಂದ. ಮಹಾದಾಯಿ ನೀರಿಗಾಗಿ 2015ರಿಂದ ವರ್ಷಗಟ್ಟಲೆ ಧರಣಿ ಕೂತ ಊರು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದಿತು. ಜೋಳ, ಸಜ್ಜೆಗಳ ಅಂದದ ಚಿತ್ರಗಳು ಎಲ್ಲೆಲ್ಲೂ ಮೆರೆದವು. ಅದೇ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರವೇ ಘೋಷಿಸಿತು. ಒಣಗಿ ನಿಂತ ಪೈರಿಗೆ ಯಾರೂ ಸಾಫ್ಟ್‌ಬಾಕ್ಸ್ ಹಿಡಿಯಲಿಲ್ಲ. 2024–25ಕ್ಕೆ ಮಾಲ್ದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,421 ರೂಪಾಯಿ. ಒಳ್ಳೆಯ ಮ್ಯಾಕ್ರೊ ಲೆನ್ಸಿಗೆ ಹತ್ತಾರು ಸಾವಿರ. ಆ ಲೆನ್ಸು ಕೊಳ್ಳಲು ಎಷ್ಟು ಕ್ವಿಂಟಲ್ ಜೋಳ ಮಾರಬೇಕೆಂಬ ಲೆಕ್ಕವನ್ನು ಯಾವ ವಿಚಾರಸಂಕಿರಣದಲ್ಲೂ ಯಾರೂ ಮಂಡಿಸಿದ್ದನ್ನು ನಾನು ಕೇಳಿಲ್ಲ. ಬೆಳೆದವರು, ಬೀಸಿದವರು, ಬಡಿದವರು ಎಲ್ಲ ಚೌಕಟ್ಟಿನಾಚೆ. ಒಳಗೆ ಬರೀ ರೊಟ್ಟಿ. ಇದಕ್ಕೆ “ನೆಲಮೂಲ ಸೌಂದರ್ಯ” ಎಂಬ ಹೆಸರು ಬೇರೆ!

6. ತೀರ್ಪು

ಕಿಸೆಯಲ್ಲಿರುವ ಫೋನೇ ಸಾಕು. ಉಳಿದ ದುಡ್ಡಿನಲ್ಲಿ ರೊಟ್ಟಿ ಬಡಿದಾಕೆಗೆ ಆ ಹೊತ್ತಿನ ಕೂಲಿ ಕೊಡಿ. ಕೈಯನ್ನು ಚಿತ್ರದೊಳಗೆ ಇರಗೊಡಿ. ಆಕೆ ಒಪ್ಪಿದರೆ ಚಿತ್ರದ ಕೆಳಗೆ ಹೆಸರು ಹಾಕಿ. ಮೊದಲು ಬಿಸಿ ಇರುವಾಗಲೇ ಒಂದು ರೊಟ್ಟಿ ಉಂಡುಬಿಡಿ. ಫೋಟೋಕ್ಕೆ ಆಕೆ ಇನ್ನೊಂದು ಬಡಿದುಕೊಡುತ್ತಾಳೆ.