ಹೀರೋ ಇಲ್ಲದ ಕಾದಂಬರಿ, ಹೀರೋ ಇರುವ ಮನೆ

ನಮ್ಮ ಮನೆಯವರೆಲ್ಲ ಸೇರಿ ನನ್ನನ್ನು ಕ್ಷಮಿಸಿಬಿಟ್ಟಿದ್ದಾರೆ. ಯಾತಕ್ಕೆ ಅನ್ನುವುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ. ಛತ್ರಪತಿ ಸಂಭಾಜಿನಗರದಲ್ಲಿ ನೌಕರಿಯಲ್ಲಿರುವ ಮಗಳು ಒಂದು ಸಂಜೆ ಫೋನು ಮಾಡಿ, ಮೊದಲೇ ಬರೆದಿಟ್ಟುಕೊಂಡ ಭಾಷಣದ ಧಾಟಿಯಲ್ಲಿ, "ಆಯಿ, ನೀ ಹೆಂಗಿದ್ದೀಯೋ ಹಂಗ ನಮಗ ಬೇಕು. ಯಾರಿಗೂ ಹೆದರಬ್ಯಾಡ. 2018ರ ಸೆಪ್ಟೆಂಬರ್ 6ರಿಂದ ಕಾಯ್ದೇನೂ ನಿನ್ನ ಕಡೆ ಅದ" ಅಂದಳು. ನಾನು ನಾಸಿಕದ ನಮ್ಮ ಅಡಿಗೆಮನೆಯಲ್ಲಿ ಶೇಂಗಾ ಹಿಂಡಿ ಕುಟ್ಟುತ್ತಿದ್ದೆ. ಮದುವೆಯಾದಂದಿನಿಂದ ಕಾಯ್ದೆ ಹಾಗಿರಲಿ, ಹಾಲಿನ ಟೇಬಲ್ ಫ್ಯಾನ್ ಕೂಡ ನನ್ನ ಕಡೆ ತಿರುಗಿದ್ದಿಲ್ಲ. ಹೀಗಾಗಿ ಸಂತೋಷವೇ ಆಯಿತು. ಫೋನಿಟ್ಟು ಎರಡು ಸಲ ಒನಕೆ ಎತ್ತಿ ಹಾಕಿದ ಮೇಲೆ ಹೊಳೆಯಿತು: ಅಂದು ಸುಪ್ರೀಂ ಕೋರ್ಟು ಸಲಿಂಗ ಪ್ರೇಮ ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತ್ತು. ಐವತ್ತೆಂಟರ ನನಗೆ, ಗಂಡ, ಅತ್ತೆ, ಬಿಪಿ ಗುಳಿಗೆ ಎಲ್ಲವೂ ಇರುವ ನನಗೆ, ಮಗಳು ಧೈರ್ಯ ತುಂಬುತ್ತಿದ್ದಳು.

ಇದೆಲ್ಲ ನಮ್ಮ ಜಿಪುಣತನದ ಫಲ. ಮನೆಯಲ್ಲಿ ಮೂರು ಕಿಂಡಲ್, ಖಾತೆ ಒಂದೇ. ಒಬ್ಬರು ಕೊಂಡದ್ದು ಮೂವರಿಗೂ ಕಾಣಿಸುತ್ತದೆ. ನಮ್ಮವರು ಓಝರ್‌ನ ಹಿಂದೂಸ್ತಾನ್ ಏರೋನಾಟಿಕ್ಸ್‌ನಲ್ಲಿ ವಿಮಾನ ಜೋಡಿಸಿ ನಿವೃತ್ತರಾದವರು. ಅವರ ಓದೇನಿದ್ದರೂ ಯುದ್ಧ, ಟ್ಯಾಂಕು, ಜಲಾಂತರ್ಗಾಮಿ. ಆ ಜಲಾಂತರ್ಗಾಮಿಗಳ ನಡುನಡುವೆ ನನ್ನ ಪುಸ್ತಕಗಳು ತಲೆಯೆತ್ತಿದ್ದವು. ಮುಖಪುಟದ ಮೇಲೆ ಇಬ್ಬರು ಹುಡುಗಿಯರು, ಮೂಗಿಗೆ ಮೂಗು ತಾಗಲು ಬೆರಳಗಲ ಬಾಕಿ. ಬೆಳಗಿನ ವಾಕಿಂಗ್ ಗೆಳೆಯರಿಗೆ ಸ್ಟಾಲಿನ್‌ಗ್ರಾಡ್ ಮುತ್ತಿಗೆಯ ನಕಾಶೆ ತೋರಿಸಲು ಹೋದ ನಮ್ಮವರು, ಬೆರಳು ಜಾರಿ, ಇಬ್ಬರು ಹುಡುಗಿಯರ ಮುತ್ತಿಗೆಯನ್ನು ತೋರಿಸಿದ್ದಾರೆ. "ಇದು ನನ್ನ ಹೆಂಡತೀದು" ಎಂದು ಸತ್ಯವನ್ನೇ ಹೇಳಿದರಂತೆ. ಒಬ್ಬರೂ ನಂಬಲಿಲ್ಲ. ಅಂದಿನಿಂದ ಆ ಕಟ್ಟೆಯಲ್ಲಿ ಅವರಿಗೆ ಹೊಸದೊಂದು ಬಗೆಯ ಮರ್ಯಾದೆ ಸಿಗುತ್ತಿದೆ.

ನಾನು ಈ ಚಟಕ್ಕೆ ಬಿದ್ದದ್ದು ರೈಲಿನಿಂದ. ಕೇಸಿ ಮೆಕ್‌ಕ್ವಿಸ್ಟನ್ 2021ರಲ್ಲಿ ಬರೆದ 'ಒನ್ ಲಾಸ್ಟ್ ಸ್ಟಾಪ್' ಅನ್ನು ಪ್ರವಾಸಕಥನವೆಂದುಕೊಂಡು ಕೊಂಡೆ. ನೋಡಿದರೆ ನ್ಯೂಯಾರ್ಕಿನ ಮೆಟ್ರೋದಲ್ಲಿ ಒಬ್ಬ ಹುಡುಗಿ ಇನ್ನೊಬ್ಬಳನ್ನು ಕಂಡು ಮರುಳಾಗುತ್ತಾಳೆ. ಆ ಇನ್ನೊಬ್ಬಳೋ 1970ರ ದಶಕದಿಂದ ಅದೇ ಗಾಡಿಯಲ್ಲಿ ಸಿಕ್ಕಿಬಿದ್ದವಳು, ಇಳಿಯಲಾರಳು. ನಾಸಿಕ್ ರೋಡ್‌ನಲ್ಲಿ ಹತ್ತಿ ಮನ್ಮಾಡಿನ ಹೊರಗೆ ಸಿಗ್ನಲ್ಲಿಗೆ ಕಾದವರಿಗೆ ಇದು ಅಸಂಭವ ಅನಿಸುವುದಿಲ್ಲ. ರಾತ್ರಿ ಎರಡರ ತನಕ ಓದಿದೆ. ಮರುದಿನ ಉಪ್ಪಿಲ್ಲದ ಸಾರಿಗೆ ಅತ್ತೆಯವರು, "ಏಕಾದಶಿ ಏನವಾ ಇವತ್ತ?" ಅಂದರು.

ಧಾರವಾಡದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ನನ್ನ ಓದು ತ್ರಿವೇಣಿ, ಸಾಯಿಸುತೆ. ಆಮೇಲೆ ಕಂದು ಕಾಗದದ ಅಂಗಿ ತೊಡಿಸಿದ ಮಿಲ್ಸ್ ಆ್ಯಂಡ್ ಬೂನ್. ಅವುಗಳ ಹೀರೋ ಎತ್ತರದವನು, ಸಿಡುಕ, ಶ್ರೀಮಂತ. ನೂರೈವತ್ತು ಪುಟ ಮಾತೇ ಆಡುವುದಿಲ್ಲ. ಒಳಗೆ ಜ್ವಾಲಾಮುಖಿ ಇದೆ ಎಂದು ನಾಯಕಿ ತಿಳಿಯುತ್ತಾಳೆ, ಓದುವ ನಾವೂ ತಿಳಿಯುತ್ತೇವೆ. ಆ ಭರವಸೆಯ ಮೇಲೆಯೇ ನಾನು ಮದುವೆಯಾದದ್ದು. ಮಾತಾಡದ ಗಂಡಸು ಮಾತಾಡದಿರುವುದು ನಾವು ಹೇಳಿದ್ದು ಅವನಿಗೆ ಕೇಳಿಸಿರುವುದಿಲ್ಲ ಅನ್ನುವ ಕಾರಣಕ್ಕೆ, ಜ್ವಾಲಾಮುಖಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ಜ್ಞಾನ ಆಮೇಲಿನದು.

ಹೊಸ ಕಾದಂಬರಿಗಳಲ್ಲಿ ಆ ಹೀರೋನೇ ಇಲ್ಲ. ಇಬ್ಬರೂ ಮಾತಾಡುತ್ತಾರೆ! ಸಿಟ್ಟು ಬಂದರೆ ಯಾಕೆ ಬಂತೆಂದು ಹೇಳುತ್ತಾರೆ, ತಪ್ಪಾದರೆ ಸಾರಿ ಕೇಳುತ್ತಾರೆ, ಒಬ್ಬಳು ಅಡಿಗೆ ಮಾಡಿದರೆ ಇನ್ನೊಬ್ಬಳು ಪಾತ್ರೆ ತಿಕ್ಕುತ್ತಾಳೆ. ಸುಳ್ಳು ಹೇಳಲಾರೆ, ಚುಂಬನದ ಪುಟಕ್ಕಿಂತ ಪಾತ್ರೆಯ ಪುಟವನ್ನೇ ನಾನು ಹೆಚ್ಚು ಸಲ ತಿರುಗಿಸಿ ಓದಿದ್ದು. ಮಗಳಿಗೆ ಇದನ್ನು ವಿವರಿಸಿದಾಗ, "ಆಯಿ, ನೀ ಓದಲಿಕ್ಹತ್ತಿದ್ದು ರೊಮ್ಯಾನ್ಸ್ ಅಲ್ಲ, ಮನಿಗೆಲಸದ ಟೈಮ್‌ಟೇಬಲ್" ಅಂದಳು. ಭಾಷಣ ವ್ಯರ್ಥವಾದದ್ದಕ್ಕೆ ಅವಳ ದನಿಯಲ್ಲಿ ಸ್ವಲ್ಪ ನಿರಾಸೆಯೂ ಇತ್ತು.

ನಮ್ಮವರಿಗೆ ತಾಂತ್ರಿಕ ಆಕ್ಷೇಪ. "ಹೀರೋ ಇಲ್ಲದ ಕಾದಂಬರಿ ಹೆಂಗ ಮುಂದ ಹೋಗ್ತದ? ಎಂಜಿನ್ ಇಲ್ಲದ ವಿಮಾನ ಅದು."

"ಅಲ್ರೀ, ಎಂಜಿನ್ ಒಂದs ಇದ್ದದ್ದು ನಿಮ್ಮ ಹಳೇ ಮಿಗ್-21ಕ್ಕ. ಇದು ಸುಖೋಯ್-30. ಎರಡು ಎಂಜಿನ್."

ಎರಡನ್ನೂ ಓಝರ್‌ನಲ್ಲೇ ಜೋಡಿಸಿದವರು, ಉತ್ತರ ಕೊಡಲಾಗಲಿಲ್ಲ. ಸುಮ್ಮನೆ ಹೋಗಿ ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದರು.

ಈ ಕಾದಂಬರಿಗಳಿಗೆ ಕೆಲವು ಕಟ್ಟುಪಾಡುಗಳಿವೆ. ಅದರಲ್ಲೊಂದು, ಹೋಟೆಲಿಗೆ ಹೋದರೆ ಒಂದೇ ಕೋಣೆ ಖಾಲಿ, ಕೋಣೆಯಲ್ಲಿ ಒಂದೇ ಮಂಚ. ಅಲ್ಲಿಂದ ಪ್ರೇಮ ಶುರು. ನಾನು ಬಿದ್ದುಬಿದ್ದು ನಕ್ಕೆ. ನಮ್ಮ ಕಡೆಯ ಮದುವೆ ಮನೆಯಲ್ಲಿ ಒಂದೇ ಜಮಖಾನೆಯ ಮೇಲೆ ಹನ್ನೊಂದು ಹುಡುಗಿಯರು ಮಲಗಿದ್ದೆವು. ಹುಟ್ಟಿದ್ದು ದಿಂಬಿನ ಜಗಳ. ಆದರೂ ಯೋಚಿಸಿದರೆ, ನಮ್ಮ ಹಿರಿಯರ ಕಾವಲೆಲ್ಲ ಗಂಡುಹುಡುಗರ ಮೇಲೆ. ಮಹಡಿಗೆ ಬೀಗ, ಕಿಟಕಿಗೆ ಪರದೆ, ಸೈಕಲ್ ಗಂಟೆ ಕೇಳಿದರೆ ಅಜ್ಜ ಹೊರಗೆ. ಗೆಳತಿಯ ಮನೆಗೆ ಓದಲು ಹೋಗುತ್ತೇನೆಂದರೆ ಮಾತ್ರ ಡಬ್ಬಿ ಕಟ್ಟಿ ಕಳಿಸುತ್ತಿದ್ದರು. ಹನ್ನೊಂದರಲ್ಲಿ ಒಬ್ಬಳಿಗಾದರೂ ಆ ರಾತ್ರಿ ನಿದ್ದೆ ಬಾರದೆ ಇದ್ದಿರಬಹುದು, ಅದಕ್ಕೆ ದಿಂಬು ಕಾರಣವಲ್ಲದೆಯೂ ಇರಬಹುದು. ನಾವು ಯಾರೂ ಕೇಳಲಿಲ್ಲ.

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅತ್ತೆಯವರಿಗೆ ಓದುವುದು ತ್ರಾಸು. ದಿನಾ ಮಧ್ಯಾಹ್ನ ಅವರಿಗೆ ದಾಸರ ಪದವನ್ನೋ ಪುರಾಣವನ್ನೋ ಓದಿ ಹೇಳುವುದು ನನ್ನ ಪಾಳಿ. ಒಂದು ದಿನ ನನ್ನ ಕಥೆ ಅರ್ಧಕ್ಕೆ ನಿಂತಿತ್ತು, ಪ್ರಾಣ ಅಲ್ಲೇ ಇತ್ತು. ಧೈರ್ಯ ಮಾಡಿ ಅದನ್ನೇ ಕನ್ನಡದಲ್ಲಿ ಹೇಳತೊಡಗಿದೆ. ಇಬ್ಬರೂ ಹುಡುಗಿಯರೇ ಎಂದು ತಿಳಿದಾಗ ಅವರು ಜಪಮಾಲೆ ಕೆಳಗಿಟ್ಟರು. ನನ್ನ ಎದೆ ಧಸಕ್ಕೆಂದಿತು.

"ಹಂಗಾದ್ರ ಇದರಾಗ ಅತ್ತಿ ಯಾರು?"

"ಇಬ್ಬರಿಗೂ ಇಬ್ಬರು ಅತ್ತೆಂದಿರ್ರಿ."

"ಇಬ್ಬರೂ ಸೊಸೆಂದಿರು, ಇಬ್ಬರು ಅತ್ತೆಂದಿರು," ಅವರು ಲೆಕ್ಕ ಹಾಕಿದರು. "ಅಡಿಗಿಮನಿ ದೊಡ್ಡದು ಬೇಕಾಗ್ತದ. ಮುಂದ ಓದು."

ಅವರಿಗೆ ಬೇಕಾದದ್ದು ಒಂದೇ ಖಾತ್ರಿ: "ಕಡೀಕ ಸಾಯೂದಿಲ್ಲ ಹೌದಿಲ್ಲೊ?" ಇಂಗ್ಲಿಷ್ ಪ್ರಕಾಶಕರು ಈಗ ಕೊಡುವ ಖಾತ್ರಿಯೂ ಅದೇ. ರೊಮ್ಯಾನ್ಸ್ ಎಂದು ಹಣೆಪಟ್ಟಿ ಹಚ್ಚಿದ ಮೇಲೆ ಕೊನೆಗೆ ಜೋಡಿ ಒಂದಾಗಲೇಬೇಕು. ಆದರೆ ಇಬ್ಬರು ಹೆಂಗಸರಿಗೆ ಈ ಸೌಲಭ್ಯ ಸಿಕ್ಕದ್ದು ತೀರ ಈಚೆಗೆ. 1952ರಲ್ಲಿ ಅಮೆರಿಕದಲ್ಲಿ ವಿನ್ ಪ್ಯಾಕರ್ ಎಂಬ ಹೆಸರಿನಲ್ಲಿ ಮೆರಿಜೇನ್ ಮೀಕರ್ 'ಸ್ಪ್ರಿಂಗ್ ಫೈರ್' ಬರೆದಾಗ ಪ್ರಕಾಶಕರ ಶರತ್ತು, ಕೊನೆ ಸುಖವಾಗಿರಕೂಡದು. ಸುಖವಾಗಿದ್ದರೆ ಅಂಚೆಯವರು ಅಶ್ಲೀಲವೆಂದು ಪುಸ್ತಕದ ಕಟ್ಟನ್ನೇ ತಡೆಹಿಡಿದಾರು ಎಂಬ ಭಯ. ಅಳು ಅಂಚೆಯಲ್ಲಿ ಹೋಗಬಹುದು, ನಗು ಹೋಗಬಾರದು! ಅದೇ ವರ್ಷ ಪೆಟ್ರೀಷಿಯಾ ಹೈಸ್ಮಿತ್ 'ದ ಪ್ರೈಸ್ ಆಫ್ ಸಾಲ್ಟ್' ಬರೆದು, ಇಬ್ಬರು ಹೆಂಗಸರನ್ನು ಕೊನೆಯ ಪುಟದಲ್ಲಿ ಒಂದುಗೂಡಿಸಿ, ತನ್ನ ಹೆಸರು ಹಾಕಿಕೊಳ್ಳುವ ಧೈರ್ಯ ಸಾಲದೆ ಕ್ಲೇರ್ ಮಾರ್ಗನ್ ಎಂದು ಅಚ್ಚು ಹಾಕಿಸಿದಳು. ಸ್ವಂತ ಹೆಸರಿನಲ್ಲಿ ಅದು ಹೊರಬಂದದ್ದು 1990ರಲ್ಲಿ. ಕೊಲೆಗಾರರ ಕಥೆಗಳಿಗೆಲ್ಲ ನಿಶ್ಚಿಂತೆಯಿಂದ ಹೆಸರು ಹಾಕಿದ ಲೇಖಕಿ ಆಕೆ.

ನಮ್ಮ ಭಾಷೆಗಳ ಸ್ಥಿತಿಯೂ ಸುಖದ್ದಲ್ಲ. 1942ರಲ್ಲಿ ಇಸ್ಮತ್ ಚುಗ್ತಾಯಿ 'ಲಿಹಾಫ್' ಬರೆದು ಲಾಹೋರಿನ ಕೋರ್ಟು ಹತ್ತಿದರು, ಗೆದ್ದು ಇಳಿದರೆನ್ನಿ. ಮರಾಠಿಯಲ್ಲಿ ವಿಜಯ್ ತೆಂಡೂಲ್ಕರ್ 1981ರಲ್ಲೇ 'ಮಿತ್ರಾಚಿ ಗೋಷ್ಟ' ನಾಟಕ ಕೊಟ್ಟರು, ರೋಹಿಣಿ ಹಟ್ಟಂಗಡಿ ಮಿತ್ರಾ ಆಗಿ ನಿಂತರು. ದೊಡ್ಡ ನಾಟಕ. ಕೊನೆಗೆ ಮಿತ್ರಾ ಬದುಕುವುದಿಲ್ಲ. ಸಚಿನ್ ಕುಂಡಲ್ಕರ್ ಅವರ 'ಕೋಬಾಲ್ಟ್ ಬ್ಲೂ'ದಲ್ಲಿ ಅಣ್ಣ ತಂಗಿ ಇಬ್ಬರೂ ಮನೆಗೆ ಬಾಡಿಗೆಗೆ ಬಂದ ಒಬ್ಬನನ್ನೇ ಪ್ರೀತಿಸುತ್ತಾರೆ, ಅವನು ಇಬ್ಬರನ್ನೂ ಬಿಟ್ಟು ಮಾಯವಾಗುತ್ತಾನೆ. ಕನ್ನಡಕ್ಕೆ 2013ರಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' ಬಂತು. ಅದನ್ನೂ ಅತ್ತೆಯವರಿಗೆ ಓದಿದೆ, ಕೆಲವು ಪುಟಗಳನ್ನು ಕೆಮ್ಮಿ ಹಾರಿಸಿ. ಜೊತೆಗಿದ್ದ ಕಾರ್ತಿಕ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟಾಗ ಅವರಿಗೆ ತಡೆಯಲಾಗಲಿಲ್ಲ. "ಹೋಗಲಿ ಬಿಡು ಆ ಖೋಡಿ. ಮೋಹನಸ್ವಾಮಿಗೆ ಬ್ಯಾರೆ ಚಲೋ ಹುಡುಗನ್ನ ನೋಡೋಣ. ಹುಬ್ಬಳ್ಳಿ ಕಡೆ ಯಾರರ ಇದ್ದಾರೇನು?" ನಮ್ಮ ವಂಶದಲ್ಲಿ ಕ್ರಾಂತಿ ಹೀಗೆ, ಜಾತಕ ಕೈಯಲ್ಲಿ ಹಿಡಿದುಕೊಂಡೇ ಬರುತ್ತದೆ.

ಆಮೇಲೆ ಅವರೇ ಹೇಳಿದ್ದು: ಧಾರವಾಡದಲ್ಲಿ ಅವರ ತವರುಮನೆಯ ಓಣಿಯಲ್ಲಿ ಇಬ್ಬರು ಅಕ್ಕೋರಿದ್ದರಂತೆ, ಒಂದೇ ಸಾಲಿಯ ಮಾಸ್ತರಿಣಿಯರು, ಇಬ್ಬರೂ ಲಗ್ನವಾಗಲಿಲ್ಲ, ಒಂದೇ ಮನೆ, ಒಂದೇ ಒಲೆ, ಮುದುಕಿಯರಾಗುವ ತನಕ. "ಜನಾ ಏನಂತಿದ್ರು?" ಅಂದೆ. "ಏನಂತಾರ? ಬಾಡಿಗಿ ಉಳಸ್ತಾರ ಅಂತಿದ್ರು. ಅವರ ಮನ್ಯಾಗ ಎಂದೂ ಜಗಳದ ದನಿ ಕೇಳಿಲ್ಲವಾ."

ನಾಸಿಕ ಓದುವ ಊರು. ಇಲ್ಲಿನ ಸಾರ್ವಜನಿಕ ವಾಚನಾಲಯ 1840ರದು. ಕವಿ ಕುಸುಮಾಗ್ರಜರ ಊರೆಂಬ ಹೆಮ್ಮೆ ರಿಕ್ಷಾದವರಿಗೂ ಇದೆ. ಬಿಂದುಮಾಧವ ಖಿರೆ ಅವರ ಸಲಿಂಗಿ ಹುಡುಗನ ಕಥೆ 'ಪಾರ್ಟನರ್' ಓದೋಣವೆಂದು ಬಡಾವಣೆಯ ಪುಸ್ತಕದ ಅಂಗಡಿಯಲ್ಲಿ ಹೆಸರು ಹೇಳಿದೆ. ಅಂಗಡಿಯಾತ ಕೊಟ್ಟದ್ದು ವ.ಪು. ಕಾಳೆಯವರ 'ಪಾರ್ಟನರ್'. ಮರಾಠಿ ಮನೆಗಳಲ್ಲಿ ಅದಿಲ್ಲದ ಕಪಾಟಿಲ್ಲ. "ಇದಲ್ಲ, ಇನ್ನೊಂದು" ಅಂದೆ. "ಎರಡನೇ ಭಾಗ ಇಲ್ಲ ಮಾವಶಿ" ಅಂದ. ಯಾವ ಬಗೆಯ ಪಾರ್ಟನರ್ ಎಂದು ವಿವರಿಸಬೇಕೆಂದರೆ ಹಿಂದೆ ನಮ್ಮ ಭಜನಾ ಮಂಡಳಿಯ ಕಾರ್ಯದರ್ಶಿ ನಿಂತಿದ್ದರು. ಕಾಳೆಯವರನ್ನೇ ಕೊಂಡು ಬಂದೆ. ಕ್ರಾಂತಿಕಾರಿಯ ಕೈಚೀಲದಲ್ಲಿ ಅಂದು ಇದ್ದದ್ದು ಅದೇ, ಮತ್ತೆ ಅರ್ಧ ಕಿಲೋ ಚಿವಡಾ.

ಇಬ್ಬರು ಹೆಂಗಸರಿರುವ ಮನೆಯೆಂದರೆ ಸ್ವರ್ಗ ಎಂಬ ನನ್ನ ಸಿದ್ಧಾಂತ ಕುಸಿದದ್ದು ಸಂಭಾಜಿನಗರದಲ್ಲಿ. ಮಗಳು ಅಲ್ಲಿನ ಸಿಡ್ಕೋ ಬಡಾವಣೆಯಲ್ಲಿ ಇನ್ನೊಬ್ಬಳೊಂದಿಗೆ ಬಾಡಿಗೆಗಿದ್ದಾಳೆ. ಬಾಗಿಲು ತೆರೆದರೆ ಸಿಂಕಿನಲ್ಲಿ ಪಾತ್ರೆಗಳ ದೌಲತಾಬಾದ್ ಕೋಟೆ. ಹಾಸಿಗೆಯ ಮೇಲೆ ಒದ್ದೆ ಟವೆಲ್, ಒಂದಲ್ಲ, ಎರಡು. ಫ್ರಿಜ್ಜಿನ ಬಾಗಿಲಿಗೆ ಪಾತ್ರೆ ತೊಳೆಯುವ ಪಾಳಿಯ ಕಾಗದ ಅಂಟಿಸಿತ್ತು. ಅದರ ಮೇಲೆ ಸಾಂಬಾರಿನ ಕಲೆ. ನಮ್ಮವರು ಅದನ್ನು ಫೋಟೋ ತೆಗೆದುಕೊಂಡರು. ಯಾವ ಯುದ್ಧದ ಪುಸ್ತಕ ಓದುವಾಗಲೂ ಅವರ ಮುಖದಲ್ಲಿ ಅಂಥ ವಿಜಯದ ಕಳೆ ನಾನು ಕಂಡಿಲ್ಲ.

ಕೆಳಮಹಡಿಯ ಮನೆ ಮಾಲಕಿ ನಿವೃತ್ತ ಉರ್ದು ಅಧ್ಯಾಪಕಿ. ಚಹಾಕ್ಕೆ ಕರೆದಿದ್ದರು. ಏನು ಓದುತ್ತೀರಿ ಎಂದರು, ನಾನು ತಡವರಿಸಿದೆ. ಮಗಳು ಒಂದೇ ಉಸಿರಿಗೆ ಹೇಳಿಬಿಟ್ಟಳು. ಅವರು ಬಿಸ್ಕೀಟು ಮುಂದಿಟ್ಟು, "ಇದೇನು ಹೊಸತೇ? ಈ ಊರಿನಲ್ಲಿ ಇದು ಹದಿನೆಂಟನೇ ಶತಮಾನದ ಸಂಗತಿ" ಅಂದರು. ಸಿರಾಜ್ ಔರಂಗಾಬಾದಿ, ಸೂಫಿ ಕವಿ. ಊರಿನ ಹೆಸರು ಬದಲಾದರೂ ಕವಿಯ ಹೆಸರಿನಲ್ಲಿ ಹಳೆಯದೇ ಉಳಿದಿದೆ. ಆತನ 'ಬೋಸ್ತಾನ್-ಎ-ಖಯಾಲ್' ಎಂಬ ನೀಳ್ಗವಿತೆ ತಾನು ಒಬ್ಬ ತರುಣನನ್ನು ಪ್ರೀತಿಸಿ ಬೆಂದ ಕಥೆ. ರೂತ್ ವನಿತಾ ಮತ್ತು ಸಲೀಂ ಕಿದ್ವಾಯಿ ಸೇರಿ 2000ದಲ್ಲಿ ತಂದ 'ಸೇಮ್-ಸೆಕ್ಸ್ ಲವ್ ಇನ್ ಇಂಡಿಯಾ' ಸಂಕಲನದಲ್ಲಿ ಅದರ ಇಂಗ್ಲಿಷ್ ಅನುವಾದವಿದೆ. ಇಲ್ಲಿಂದ ಪೈಠಣಕ್ಕೆ ಹೋದರೆ ಹಾಲರಾಜನ 'ಗಾಹಾಸತ್ತಸಈ'ಯ ಊರು. ಗೆಳತಿಯರು ಕಿವಿಯಲ್ಲಿ ಪಿಸುಗುಟ್ಟುವ ಪ್ರೇಮದ ಪದ್ಯಗಳಿಗೆ ಅಲ್ಲಿ ಕಮ್ಮಿಯಿಲ್ಲ. ನಾನು ಕೇಳಿದ್ದು ಅತ್ತೆಯವರ ಪ್ರಶ್ನೆಯನ್ನೇ: ಸಿರಾಜನಿಗೆ ಕೊನೆಗೆ ಅವನು ಸಿಕ್ಕನೇ? ಅವರು ತಲೆಯಾಡಿಸಿದರು. ಅಲ್ಲೂ ವಿರಹವೇ.

ನನಗೆ ಇದೆಲ್ಲ ಮಧ್ಯಾಹ್ನದ ಮೋಜು. ಕಿಂಡಲ್ ಮುಚ್ಚಿದರೆ ನನ್ನ ಲಗ್ನಪತ್ರಿಕೆ ಭದ್ರವಾಗಿ ಟ್ರಂಕಿನಲ್ಲಿದೆ. ಮಗಳ ಗೆಳತಿಯೊಬ್ಬಳು ಇದೇ ಪುಸ್ತಕಗಳನ್ನು ಓದುವ ರೀತಿ ಬೇರೆ. ಅವಳು ಮೊದಲು ಕೊನೆಯ ಪುಟ ನೋಡಿ, ಇಬ್ಬರೂ ಜೀವಂತ ಇದ್ದಾರೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಮೊದಲನೇ ಪುಟಕ್ಕೆ ಬರುತ್ತಾಳಂತೆ. ಕಾಯ್ದೆ ನನ್ನ ಕಡೆ ಇದೆ ಎಂದು ಮಗಳು ಹೇಳಿದ್ದೂ ಅರ್ಧ ನಿಜ. 2023ರ ಅಕ್ಟೋಬರ್ 17ರಂದು ಅದೇ ಕೋರ್ಟು, ಅಂಥವರ ಮದುವೆಗೆ ಮಾನ್ಯತೆ ಕೊಡುವುದು ತನ್ನ ಕೆಲಸವಲ್ಲ, ಸಂಸತ್ತಿನದು ಎಂದಿತು. ಹಾಗಾಗಿ ಸದ್ಯಕ್ಕೆ ಆ ಮದುವೆಗಳು ಆಗುವುದು ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಮಾತ್ರ. ಕೆಟ್ಟದಾಗಿ ಬರೆದ ಅಧ್ಯಾಯವಾದರೂ ಸರಿ, ಅವಳಿಗೆ ಅದು ಬೇಕು. ಸುಖಾಂತ ಅಂದರೆ ಅಗ್ಗದ ಸಾಹಿತ್ಯ ಎಂದು ಮೂಗು ಮುರಿಯುವವರು ತಮ್ಮ ಮದುವೆಯ ಆಲ್ಬಮ್ಮನ್ನು ಸೋಫಾದ ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ.

ಕನ್ನಡದ ಲೇಖಕ, ಲೇಖಕಿಯರಲ್ಲಿ ನನ್ನದೊಂದು ಅರ್ಜಿ. ಧಾರವಾಡದ ಇಬ್ಬರು ಹುಡುಗಿಯರ ಕಥೆ ಬರೆಯಿರಿ. ಮಳೆ ಇರಲಿ, ಲೈನ್ ಬಜಾರ್ ಇರಲಿ, ನಡುವೆ ಒಂದು ಜಗಳವೂ ಇರಲಿ. ಯಾರೂ ಸಾಯುವುದು ಬೇಡ, ಯಾರೂ ಅಮೆರಿಕಕ್ಕೆ ಓಡುವುದೂ ಬೇಡ. ಪಾತ್ರೆ ಯಾರು ತಿಕ್ಕಿದರೆಂದು ಸ್ಪಷ್ಟವಾಗಿ ನಮೂದಿಸಿ. ಅತ್ತೆಯವರಿಗೆ ಎಂಬತ್ತಾರು, ಆದ್ದರಿಂದ ಸ್ವಲ್ಪ ಬೇಗ ಬರೆಯಿರಿ. ಅಕ್ಷರ ದೊಡ್ಡದಿರಲಿ.